ಮಗನ ಬೇಸ್‌ಬಾಲ್ ಆಟಕ್ಕೆ ಸ್ಕೌಟಿಂಗ್ ರಿಪೋರ್ಟ್ ಬರೆಸಿದೆವು: ಕೊಟ್ಟ ದುಡ್ಡಿಗೆ ಏನು ಸಿಕ್ಕಿತು

ನ್ಯೂಜೆರ್ಸಿಯ ಕಡೆ ಹೈಸ್ಕೂಲ್ ಬೇಸ್‌ಬಾಲ್ ಆಡುವ ಮಕ್ಕಳಿರುವ ಕನ್ನಡದ ಅಪ್ಪ ಅಮ್ಮಂದಿರಿಗೆ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ. ನಮ್ಮ ಮಗ ಈಗಷ್ಟೇ ಹತ್ತನೇ ಕ್ಲಾಸು ಮುಗಿಸಿದ್ದಾನೆ. ಬಲಗೈ ಬ್ಯಾಟರ್. ಆಡುವುದು ಶಾರ್ಟ್‌ಸ್ಟಾಪ್, ಅಂದರೆ ಎರಡನೇ ಬೇಸಿಗೂ ಮೂರನೇ ಬೇಸಿಗೂ ನಡುವಿನ ಜಾಗ. ಆರು ವರ್ಷದಿಂದ ಅವನ ತಂಡದ ಸ್ಕೋರ್ ಬುಕ್ ಬರೆಯುವವಳು ನಾನೇ. ಅವನು ಯಾವ ಆಟದಲ್ಲಿ ಎಷ್ಟು ಹಿಟ್ ಹೊಡೆದ, ಎಷ್ಟು ಸಲ ಸ್ಟ್ರೈಕ್‌ಔಟ್ ಆದ, ಎಲ್ಲ ನನಗೆ ಬಾಯಿಪಾಠ. ಆದರೆ ಕಾಲೇಜಿನಲ್ಲಿ ಆಡುವಷ್ಟು ಆಟ ಇವನಲ್ಲಿ ಇದೆಯಾ ಅಂತ ಯಾರಾದರೂ ಕೇಳಿದರೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಅದಕ್ಕೇ ಎರಡು ಕಡೆ ದುಡ್ಡು ಕೊಟ್ಟೆವು. ಎರಡರ ಹೆಸರನ್ನೂ ಇಲ್ಲಿ ಹಾಕುವುದಿಲ್ಲ. ಈ ತರದ ಸೇವೆಗಳು ಇಲ್ಲಿ ಊರಿಗೊಂದು ಇವೆ. ಏನು ಸಿಗುತ್ತದೆ, ಏನು ಕೇಳಿ ಪಡೆಯಬೇಕು ಅನ್ನುವುದು ಗೊತ್ತಾದರೆ ಸಾಕು.

ಮೊದಲು ಹೋಗಿದ್ದು ಒಂದು ಶೋಕೇಸಿಗೆ, ಅಂದರೆ ಕಾಲೇಜು ಕೋಚ್‌ಗಳಿಗೆ ತೋರಿಸಲು ಹುಡುಗರ ಆಟವನ್ನು ಅಳೆಯುವ ಕಡೆಗೆ. ಒಂದೇ ದಿನ, ನೂರಕ್ಕೂ ಜಾಸ್ತಿ ಹುಡುಗರು, ಎಲ್ಲರ ಬೆನ್ನಿಗೂ ಒಂದೊಂದು ನಂಬರ್. 60 ಗಜದ ಓಟ ಎರಡು ಸಲ. ಶಾರ್ಟ್‌ಸ್ಟಾಪ್ ಜಾಗದಲ್ಲಿ ಆರು ಚೆಂಡು ಹಿಡಿದು ಮೊದಲ ಬೇಸಿಗೆ ಎಸೆಯಬೇಕು, ಎಸೆತದ ವೇಗವನ್ನು ರೇಡಾರ್ ಗನ್ನಿನಲ್ಲಿ ಅಳೆಯುತ್ತಾರೆ. ಆಮೇಲೆ ಹತ್ತು ಹನ್ನೆರಡು ಹೊಡೆತ, ಬ್ಯಾಟಿನಿಂದ ಚೆಂಡು ಎಷ್ಟು ವೇಗವಾಗಿ ಚಿಮ್ಮುತ್ತದೆ ಅಂತ ಅದಕ್ಕೂ ಒಂದು ಅಳತೆ. ಅಷ್ಟೇ. ಸಂಜೆ ಹೊತ್ತಿಗೆ ನಂಬರ್ ಬಂತು: ಓಟ 7.18 ಸೆಕೆಂಡ್, ಎಸೆತ ಗಂಟೆಗೆ 79 ಮೈಲಿ, ಹೊಡೆತ 84 ಮೈಲಿ. ಕೆಳಗೆ ಎರಡು ಸಾಲು, ಒಳ್ಳೆಯ ಕೈ, ಮುಂದೆ ಗಮನಿಸಬೇಕಾದ ಹುಡುಗ ಅಂತ. ನಮ್ಮ ಜೊತೆ ಬಂದಿದ್ದ ಇನ್ನೊಬ್ಬ ಹುಡುಗನ ಅಮ್ಮ ಅವರ ಕಾಗದ ತೋರಿಸಿದರು. ಅದರಲ್ಲೂ ಅವೇ ಎರಡು ಸಾಲು. ನನಗೆ ತುಂಬಾ ಬೇಜಾರಾಯಿತು. ದುಡ್ಡು ಹೋಯಿತಲ್ಲ ಅಂತ ಅಲ್ಲ, ಮಗ ಆ ಎರಡು ಸಾಲನ್ನು ಕಾರಿನಲ್ಲಿ ಎಷ್ಟು ಸಲ ಓದಿಕೊಂಡಿದ್ದ ಅನ್ನುವುದನ್ನು ನಾನು ನೋಡಿದ್ದೆ.

ಅಳತೆಗಳು ಸುಳ್ಳು ಅಂತ ನಾನು ಹೇಳುತ್ತಿಲ್ಲ. ಕಾಲೇಜು ಕೋಚ್‌ಗಳು ಸಾವಿರಾರು ಹುಡುಗರನ್ನು ಕಣ್ಣಾರೆ ನೋಡಲು ಆಗುವುದಿಲ್ಲ, ಅವರಿಗೆ ನಂಬರ್ ಬೇಕು. 60 ಗಜವನ್ನು 6.9ರ ಒಳಗೆ ಓಡಿದರೆ, ಹೊಡೆತ 90 ದಾಟಿದರೆ, ಅವರು ತಿರುಗಿ ನೋಡುತ್ತಾರೆ. ನಿಮ್ಮ ಮಗ ಅಲ್ಲಿದ್ದರೆ ಶೋಕೇಸಿಗೆ ಖಂಡಿತ ಕಳಿಸಿ. ನಮ್ಮವನು ಅಲ್ಲಿರಲಿಲ್ಲ. ಅಲ್ಲಿಗೆ ಹೋಗುವುದು ಹೇಗೆ ಅಂತ ಹೇಳುವವರು ನಮಗೆ ಬೇಕಾಗಿತ್ತು.

ಎರಡನೆಯದು ಒಬ್ಬರೇ ನಡೆಸುವ ಸೇವೆ. ತುಂಬಾ ವರ್ಷ ಕಾಲೇಜಿನಲ್ಲಿ ಸಹಾಯಕ ಕೋಚ್ ಆಗಿದ್ದು, ಈಗ ಹುಡುಗರ ಆಟ ನೋಡಿ ರಿಪೋರ್ಟ್ ಬರೆದುಕೊಡುತ್ತಾರೆ. ಮೂರು ಆಟ, ಒಂದು ಗಂಟೆ ಪ್ರಾಕ್ಟೀಸ್, ಆಮೇಲೆ ಅರ್ಧ ಗಂಟೆ ಫೋನ್. ಒಟ್ಟು 600 ಡಾಲರ್. ಯಾವ ಆಟಕ್ಕೆ ಬರುತ್ತೇನೆ ಅಂತ ಹುಡುಗನಿಗೆ ಹೇಳಬೇಡಿ ಅಂದಿದ್ದರು, ನಾವೂ ಹೇಳಲಿಲ್ಲ.

ಅವರು ಕೆಲಸ ಮಾಡುವ ರೀತಿಯೇ ನನಗೆ ಇಷ್ಟವಾಯಿತು. ಆಟಕ್ಕೆ ಮುಕ್ಕಾಲು ಗಂಟೆ ಮೊದಲೇ ಬಂದು ವಾರ್ಮ್‌ಅಪ್ ನೋಡಿದರು. ಮೊದಲೆರಡು ಇನ್ನಿಂಗ್ಸ್ ಹೋಮ್ ಪ್ಲೇಟ್, ಅಂದರೆ ಬ್ಯಾಟರ್ ನಿಲ್ಲುವ ಜಾಗದ ಹಿಂದೆ ಕೂತರು. ಆಮೇಲೆ ಕುರ್ಚಿ ಎತ್ತಿಕೊಂಡು ಮೊದಲ ಬೇಸಿನ ಕಡೆಗೆ ಹೋದರು, ಬಲಗೈ ಬ್ಯಾಟರಿನ ಎದೆ, ಕೈ, ಸೊಂಟ ಎಲ್ಲ ಕಾಣುವುದು ಆ ಕಡೆಯಿಂದಲೇ ಅಂತೆ. ಕೈಯಲ್ಲಿ ಒಂದು ಸ್ಟಾಪ್‌ವಾಚ್. ಇವನು ಚೆಂಡು ಹೊಡೆದ ಸದ್ದಿಗೆ ಒತ್ತಿ, ಮೊದಲ ಬೇಸಿನ ಮೇಲೆ ಕಾಲಿಟ್ಟಾಗ ನಿಲ್ಲಿಸುವುದು. 90 ಅಡಿ. ಬಲಗೈಯವರಿಗೆ ಮೇಜರ್ ಲೀಗಿನಲ್ಲಿ, ಅಂದರೆ ಇಲ್ಲಿನ ವೃತ್ತಿಪರ ಬೇಸ್‌ಬಾಲಿನ ಅತಿ ಮೇಲಿನ ಮಟ್ಟದಲ್ಲಿ, 4.3 ಸೆಕೆಂಡ್ ಅಂದರೆ ಸಾಧಾರಣ ವೇಗ. ಇವನದು 4.45 ಬಂತು.

ಆಟ ಮುಗಿದ ಮೇಲೆ ನನ್ನ ಹತ್ತಿರ ಬಂದು ಸ್ಕೋರ್ ಬುಕ್ ಕೇಳಿದರು! ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಕಾರಿನ ಬಾನೆಟ್ ಮೇಲೆ ಇಟ್ಟುಕೊಂಡು ಇಡೀ ಸೀಸನ್ ಪುಟ ತಿರುವಿದರು. ಗೊತ್ತಿಲ್ಲದವರಿಗೆ ಹೇಳುತ್ತೇನೆ, ನಾವು ಸ್ಕೋರ್ ಬರೆಯುವಾಗ ಫೀಲ್ಡರುಗಳಿಗೆ ನಂಬರ್ ಇರುತ್ತದೆ, ಮೊದಲ ಬೇಸಿನವನು 3, ಎರಡನೇ ಬೇಸಿನವನು 4, ಶಾರ್ಟ್‌ಸ್ಟಾಪ್ 6. ಚೆಂಡು ನೆಲದ ಮೇಲೆ ಉರುಳಿ ಎರಡನೇ ಬೇಸಿನವನ ಕೈಗೆ ಹೋಗಿ ಅವನು ಮೊದಲ ಬೇಸಿಗೆ ಎಸೆದು ಔಟ್ ಮಾಡಿದರೆ 4-3 ಅಂತ ಬರೆಯುತ್ತೇವೆ. ಅವರು ಬೆರಳಿಟ್ಟು ತೋರಿಸುತ್ತಾ ಹೋದರು. 4-3. 4-3. ಇಲ್ಲಿ ಮತ್ತೆ 4-3. "ಬಲಗೈ ಹುಡುಗನಿಗೆ ಇಷ್ಟು ಚೆಂಡು ಬಲಗಡೆಗೆ ಯಾಕೆ ಹೋಗಬೇಕು? ಬ್ಯಾಟ್ ತಡವಾಗಿ ಬರುತ್ತಿದೆ" ಅಂದರು. ನನ್ನ ಕೈಯಾರೆ ಬರೆದ ಪುಸ್ತಕ. ಅದರಲ್ಲಿ ಇದು ಇಷ್ಟು ದಿನ ಕೂತಿತ್ತು.

ಯಾಕೆ ತಡ ಅನ್ನುವುದು ರಿಪೋರ್ಟಿನಲ್ಲಿ ಬಂತು. ನಮ್ಮಂಥ ಮನೆಗಳಲ್ಲಿ ತುಂಬಾ ಜನಕ್ಕೆ ಇದು ಅನ್ವಯಿಸುತ್ತದೆ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮ್ಮವರು ಶಿವಮೊಗ್ಗದಲ್ಲಿ ಕ್ರಿಕೆಟ್ ಆಡುತ್ತಾ ಬೆಳೆದವರು. ಮಗನಿಗೆ ನಾಲ್ಕು ವರ್ಷ ಇದ್ದಾಗಿನಿಂದ ಮನೆ ಮುಂದೆ ಟೆನಿಸ್ ಬಾಲ್ ಹಾಕಿ ಕಲಿಸಿದ್ದಾರೆ. ಕಾಲು ಮುಂದಿಡು, ಚೆಂಡು ಬೀಳುವ ಜಾಗಕ್ಕೆ ಹೋಗು, ತಲೆ ಮುಂದೆ ಇರಲಿ. ಕ್ರಿಕೆಟ್ಟಿಗೆ ಅದು ಸರಿಯಾದ ಪಾಠ, ಯಾಕೆಂದರೆ ಚೆಂಡು ಪುಟಿದು ತಿರುಗುವ ಮೊದಲೇ ಹೋಗಿ ಮುಟ್ಟಬೇಕು. ಬೇಸ್‌ಬಾಲಿನಲ್ಲಿ ಚೆಂಡು ಪುಟಿಯುವುದೇ ಇಲ್ಲ. ಚೆಂಡೆಸೆಯುವ ಪಿಚರ್ ನಿಲ್ಲುವ ಜಾಗ ಪ್ಲೇಟಿನಿಂದ 60 ಅಡಿ 6 ಇಂಚು. 90 ಮೈಲಿ ವೇಗದ ಎಸೆತ ಸುಮಾರು 0.4 ಸೆಕೆಂಡಿನಲ್ಲಿ ಬಂದುಬಿಡುತ್ತದೆ. ಅದರ ಹತ್ತಿರ ಹೋಗಿ ಲಾಭ ಇಲ್ಲ, ನೋಡುವ ಸಮಯ ಕಡಿಮೆ ಆಗುತ್ತದೆ ಅಷ್ಟೇ. ಮೈಭಾರ ಹಿಂದಿನ ಕಾಲಿನ ಮೇಲೆ ನಿಲ್ಲಬೇಕು, ಮೊದಲು ಸೊಂಟ ತಿರುಗಬೇಕು, ಕೈ ಆಮೇಲೆ ಬರಬೇಕು. ಇವನ ಭಾರ ಮೊದಲೇ ಮುಂಗಾಲಿಗೆ ಹೋಗಿಬಿಡುತ್ತದೆ. ಆಗ ಕೈಗೆ ಜಾಗ ಸಿಗುವುದಿಲ್ಲ. ಮಂಡಿ ಎತ್ತರದ ಚೆಂಡನ್ನು ಚೆನ್ನಾಗಿ ಹೊಡೆಯುತ್ತಾನೆ, ಎದೆ ಎತ್ತರಕ್ಕೆ ಒಳಗೆ ಬರುವ ಫಾಸ್ಟ್‌ಬಾಲಿಗೆ ಸೋಲುತ್ತಾನೆ. ಆ ಕೋಚಿಗೆ ಕ್ರಿಕೆಟ್ ಗೊತ್ತಿಲ್ಲ. "ಈ ಹುಡುಗ ಬೇರೆ ಯಾವುದೋ ಆಟದ ಬ್ಯಾಟ್ ಹಿಡಿದು ಬೆಳೆದಿದ್ದಾನೆ, ಅಲ್ವಾ?" ಅಂತ ಫೋನಿನಲ್ಲಿ ಕೇಳಿದಾಗ ನಮ್ಮವರು ಒಂದು ನಿಮಿಷ ಮಾತೇ ಆಡಲಿಲ್ಲ.

ಅದೇ ಕ್ರಿಕೆಟ್ ಫೀಲ್ಡಿಂಗಿನಲ್ಲಿ ಇವನಿಗೆ ಒಳ್ಳೆಯದು ಮಾಡಿದೆ ಅನ್ನುವುದನ್ನೂ ಬರೆದಿದ್ದಾರೆ. ಬರಿಗೈಯಲ್ಲಿ ಹಿಡಿದು ಬೆಳೆದ ಮಗು, ಕೈ ಮೆದು. ಗ್ಲವ್ ಅನ್ನು ಚೆಂಡಿನ ಕಡೆಗೆ ತಳ್ಳುವುದಿಲ್ಲ, ಚೆಂಡನ್ನು ಒಳಗೆ ಎಳೆದುಕೊಳ್ಳುತ್ತಾನೆ. ಹಿಡಿದ ಚೆಂಡು ಗ್ಲವ್‌ನಿಂದ ಎಸೆಯುವ ಕೈಗೆ ಬೇಗ ಬರುತ್ತದೆ. ಪಿಚರ್ ಎಸೆಯುವ ಹೊತ್ತಿಗೆ ಸಣ್ಣದೊಂದು ಪುಟಿತ ಹಾಕಿ ತಯಾರಾಗಿರುತ್ತಾನೆ, ಮೊದಲ ಹೆಜ್ಜೆ ಸರಿಯಾದ ಕಡೆಗೇ ಬೀಳುತ್ತದೆ. ತಪ್ಪು ಎಲ್ಲಿ ಅಂದರೆ ಬಲಗಡೆ ದೂರಕ್ಕೆ ಬಂದ ಚೆಂಡಿಗೆ ಗ್ಲವ್ ಅಡ್ಡ ಹಾಕಿ ಬ್ಯಾಕ್‌ಹ್ಯಾಂಡ್ ಹಿಡಿಯುವುದಿಲ್ಲ, ಸುತ್ತಿ ಬಂದು ಎದುರಿಗೆ ನಿಲ್ಲಲು ನೋಡುತ್ತಾನೆ. ಅಷ್ಟರಲ್ಲಿ ಓಡುವವನು ಬೇಸ್ ಮುಟ್ಟಿರುತ್ತಾನೆ. ಇದನ್ನು ನಾನು ಎರಡು ವರ್ಷದಿಂದ ಹೇಳುತ್ತಿದ್ದೆ. ಹಿತ್ತಲ ಗಿಡ ಮದ್ದಲ್ಲ, ಹೊರಗಿನವರು ಹೇಳಿದ ಮೇಲೆ ಒಪ್ಪಿಕೊಂಡ. ಅಷ್ಟು ದೂರದಿಂದ ಎಸೆಯಲು ತೋಳಿನ ಬಲವೂ ಸಾಲದು ಅಂತ ಹೇಳಿ, ಕಾಲೇಜಿನಲ್ಲಿ ಇವನ ಜಾಗ ಶಾರ್ಟ್‌ಸ್ಟಾಪ್ ಅಲ್ಲ, ಎರಡನೇ ಬೇಸ್ ಅಂತ ಬರೆದಿದ್ದಾರೆ. ಅದನ್ನು ಓದಿ ಮಗ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ನಂಬರ್ ಬಗ್ಗೆ ಒಂದು ಎಚ್ಚರಿಕೆ. ಸ್ಕೌಟ್‌ಗಳ ಅಳತೆ 20ರಿಂದ 80ರವರೆಗೆ, 50 ಅಂದರೆ ಮೇಜರ್ ಲೀಗ್ ಆಟಗಾರನ ಸರಾಸರಿ. ಪ್ರತಿಯೊಂದಕ್ಕೂ ಎರಡು ಅಂಕ, ಇವತ್ತು ಎಷ್ಟು, ಬೆಳೆದ ಮೇಲೆ ಎಷ್ಟಾಗಬಹುದು. ಇವನ ಬ್ಯಾಟಿಂಗಿಗೆ ಇವತ್ತು 25, ಮುಂದೆ 40 ಅಂತ ಇತ್ತು. ಫೀಲ್ಡಿಂಗಿಗೆ 30, ಮುಂದೆ 45. "ಇದೇನೇ, ನೂರಕ್ಕೆ ಇಪ್ಪತ್ತೈದಾ?" ಅಂತ ನಮ್ಮವರು ಕಾಗದ ಹಿಡಿದುಕೊಂಡು ಅಡುಗೆಮನೆಗೆ ಬಂದರು. ಅಲ್ಲ ರೀ, ಅದು ಮಾರ್ಕ್ಸ್ ಕಾರ್ಡ್ ಅಲ್ಲ ಅಂತ ಕೂರಿಸಿ ಹೇಳಬೇಕಾಯಿತು. ಹದಿನಾರರ ಹುಡುಗನಿಗೆ ಇವತ್ತಿನ ಅಂಕ ಕಡಿಮೆ ಇರುವುದೇ ಸರಿ. ಮಗನಿಗೆ ತೋರಿಸುವ ಮೊದಲು ನೀವು ಓದಿ ಅರ್ಥ ಮಾಡಿಕೊಳ್ಳಿ.

ಮೈಕಟ್ಟಿನ ಭಾಗದಲ್ಲಿ ಎತ್ತರ 5 ಅಡಿ 7 ಇಂಚು ಅಂತ ಬರೆದು, ಅದು ಕೆಲವು ಬಾಗಿಲು ಮುಚ್ಚುತ್ತದೆ ಅಂದಿದ್ದರು. ಸುಳ್ಳಲ್ಲ, ಆದರೆ ಓದಲು ಕಷ್ಟವಾಯಿತು. ಫೋನಿನಲ್ಲಿ ಅವರೇ ಮೇಜರ್ ಲೀಗ್ ಆಟಗಾರ ಹೊಸೆ ಆಲ್ಟುವೆಯ ಹೆಸರು ತೆಗೆದರು. 5 ಅಡಿ 6 ಇಂಚು, ವೆನಿಜುವೆಲಾದ ಟ್ರೈಔಟಿನಲ್ಲಿ ಕುಳ್ಳ ಅಂತ ವಾಪಸ್ ಕಳಿಸಿದ್ದರು, ಮಾರನೆಯ ದಿನ ಮತ್ತೆ ಬಂದ. 2017ರಲ್ಲಿ ಅಮೆರಿಕನ್ ಲೀಗಿನ ಎಂವಿಪಿ, ಅಂದರೆ ಆ ವರ್ಷದ ಅತ್ಯುತ್ತಮ ಆಟಗಾರ. ನನ್ನ ತವರು ಭದ್ರಾವತಿ. ಅಪ್ಪನಿಗೆ ಫೋನ್ ಮಾಡಿ ಎತ್ತರದ ವಿಷಯ ಹೇಳಿದರೆ ಅವರು ಬೇಸ್‌ಬಾಲ್ ಬಿಟ್ಟು ನಮ್ಮ ಊರಿನ ವಿಶಿ, ಅಂದರೆ ಕ್ರಿಕೆಟಿಗ ಜಿ.ಆರ್. ವಿಶ್ವನಾಥ್ ಅವರ ಕಥೆ ಶುರು ಮಾಡಿದರು, 1969ರಲ್ಲಿ ಕಾನ್ಪುರದಲ್ಲಿ ಮೊದಲ ಟೆಸ್ಟ್, ಮೊದಲ ಇನ್ನಿಂಗ್ಸಿನಲ್ಲಿ ಸೊನ್ನೆ, ಎರಡನೆಯದರಲ್ಲಿ 137. ಮೊಮ್ಮಗನಿಗೆ ಫೋನ್ ಕೊಡು ಅಂದರು. ಅವರಿಬ್ಬರೂ ತುಂಬಾ ಹೊತ್ತು ಮಾತಾಡಿದರು.

ಇವನ ಚುರುಕುತನಕ್ಕೆ ಮಾತ್ರ ಒಳ್ಳೆಯ ಮಾತು ಬರೆದಿದ್ದಾರೆ. 60 ಗಜದ ಓಟ ಸಾಧಾರಣ, ಆದರೆ ಮೊದಲ ಮೂರು ಹೆಜ್ಜೆ ಬಲು ಬೇಗ, ಬೇಸ್ ಕದಿಯಲು, ಅಂದರೆ ಪಿಚರ್ ಎಸೆಯುವಾಗಲೇ ಮುಂದಿನ ಬೇಸಿಗೆ ಓಡಲು, ಬೇಕಾದದ್ದು ಅದೇ. ಶೋಕೇಸಿನ 7.18ರಲ್ಲಿ ಇದು ಕಾಣುವುದಿಲ್ಲ. ಚಳಿಗಾಲದಲ್ಲಿ ಬ್ಯಾಡ್ಮಿಂಟನ್ ಆಡುತ್ತಾನೆ ಅಂದಾಗ, ಬಿಡಿಸಬೇಡಿ ಅಂದರು. ಮೇಜರ್ ಲೀಗಿನ ಮೂಕಿ ಬೆಟ್ಸ್ 2011ರ ಡ್ರಾಫ್ಟಿನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವಾಗ, ಐದನೇ ಸುತ್ತಿನವರೆಗೂ ಕಾಯಬೇಕಾಯಿತು, ಹೈಸ್ಕೂಲಿನಲ್ಲಿ ಬಾಸ್ಕೆಟ್‌ಬಾಲನ್ನೂ ಆಡುತ್ತಿದ್ದ, ಚೆಂಡು ಉರುಳಿಸಿ ಪಿನ್ ಬೀಳಿಸುವ ಬೌಲಿಂಗನ್ನೂ ಆಡುತ್ತಿದ್ದ. ವರ್ಷವಿಡೀ ಬೇಸ್‌ಬಾಲ್ ಒಂದನ್ನೇ ಆಡಿಸಿ ಮಕ್ಕಳ ತೋಳು ಕೆಡಿಸುವ ಈ ಕಾಲದಲ್ಲಿ ಇದನ್ನು ಹೇಳಿದ್ದಕ್ಕೆ ನನಗೆ ಅವರ ಮೇಲೆ ಗೌರವ ಬಂತು.

ಕಾಲೇಜಿನ ಮಾತು. ಕಾಲೇಜು ಆಟದಲ್ಲಿ ಎಲ್ಲಕ್ಕಿಂತ ಮೇಲಿನ ಮಟ್ಟವಾದ ಡಿವಿಷನ್ 1 ಈಗ ದೂರ, ಡಿವಿಷನ್ 3 ಸರಿಯಾಗಿ ಹೊಂದುತ್ತದೆ ಅಂತ ನೇರವಾಗಿ ಹೇಳಿದರು. ನಮ್ಮ ರಾಜ್ಯದ ರೋವನ್, ಕಾಲೇಜ್ ಆಫ್ ನ್ಯೂಜೆರ್ಸಿ ಎರಡೂ ಡಿವಿಷನ್ 3. ಅಲ್ಲಿ ಆಟಕ್ಕೆ ಸ್ಕಾಲರ್‌ಶಿಪ್ ಕೊಡುವಂತಿಲ್ಲ, ಓದಿಗೆ ಸಿಗಬಹುದು. ಬೇಸ್‌ಬಾಲ್ ಆಡಿಸಿದರೆ ಫೀಸ್ ಉಳಿಯುತ್ತದೆ ಅಂತ ನಂಬಿಕೊಂಡ ತಂದೆ ತಾಯಂದಿರು ನಮ್ಮಲ್ಲಿ ತುಂಬಾ ಇದ್ದಾರೆ. ಡಿವಿಷನ್ 1ರಲ್ಲೂ ಇತ್ತೀಚಿನವರೆಗೆ ಇಡೀ ತಂಡಕ್ಕೆ ಇದ್ದದ್ದು 11.7 ಸ್ಕಾಲರ್‌ಶಿಪ್ ಮಾತ್ರ, ಅದನ್ನೇ ಚೂರು ಚೂರು ಮಾಡಿ ಹಂಚುತ್ತಿದ್ದರು. ನ್ಯೂಜೆರ್ಸಿಯ ಚಳಿಯಲ್ಲಿ ಆಡುವವರನ್ನು ಯಾರೂ ನೋಡುವುದಿಲ್ಲ ಅಂತ ಕೊರಗುವವರಿಗೆ ಮಾತ್ರ ಮೇಜರ್ ಲೀಗಿನ ಮೈಕ್ ಟ್ರೌಟ್ ನೆನಪಿರಲಿ. ನಮ್ಮ ರಾಜ್ಯದ್ದೇ ಮಿಲ್‌ವಿಲ್ ಹೈಸ್ಕೂಲಿನ ಹುಡುಗ, 2009ರ ಡ್ರಾಫ್ಟಿನಲ್ಲಿ ಅವನ ಹೆಸರಿಗೆ ಮೊದಲು 24 ಹೆಸರು ಕರೆದರು, ಅವನು ಡ್ರಾಫ್ಟ್ ನಡೆಯುತ್ತಿದ್ದ ಸೆಕಾಕಸ್‌ನ ಸ್ಟುಡಿಯೋದಲ್ಲೇ ಕೂತು ಕಾಯುತ್ತಿದ್ದ. 24ನೆಯವನನ್ನು ತೆಗೆದುಕೊಂಡದ್ದೂ ಏಂಜಲ್ಸ್ ತಂಡವೇ, ಆಮೇಲೆ ಇವನು.

ಸೇವೆಯ ಕೊರತೆಗಳನ್ನೂ ಹೇಳಬೇಕು. ಹತ್ತು ದಿನದಲ್ಲಿ ಬರಬೇಕಿದ್ದ ರಿಪೋರ್ಟ್ ಇಪ್ಪತ್ನಾಲ್ಕು ದಿನಕ್ಕೆ ಬಂತು, ಮಧ್ಯೆ ಎರಡು ಮೇಲ್‌ಗೆ ಉತ್ತರ ಇಲ್ಲ. ಮೂರನೇ ಆಟ ನಾಲ್ಕನೇ ಇನ್ನಿಂಗ್ಸಿಗೆ ಮಳೆ ಬಂದು ನಿಂತುಹೋಯಿತು. ಅದನ್ನೂ ಲೆಕ್ಕಕ್ಕೆ ಹಿಡಿದರು, ಬದಲಿಗೆ ಇನ್ನೊಂದು ಆಟಕ್ಕೆ ಬರಲಿಲ್ಲ. ನನಗೆ ಇದು ಸರಿ ಅನ್ನಿಸಲಿಲ್ಲ, ಹೇಳಿಯೂ ಹೇಳಿದೆ. ಬ್ಯಾಟಿಂಗ್ ವಿಡಿಯೋ ಕಳಿಸಿದರು, ಫೀಲ್ಡಿಂಗ್ ವಿಡಿಯೋ ಇರಲಿಲ್ಲ. ದುಡ್ಡು ಕೊಡುವ ಮೊದಲೇ ಮಳೆ ಬಂದರೆ ಏನು, ವಿಡಿಯೋದಲ್ಲಿ ಏನೇನು ಇರುತ್ತದೆ ಅಂತ ಬರಹದಲ್ಲಿ ಕೇಳಿಕೊಳ್ಳಿ. ಸ್ಕೋರ್ ಬುಕ್ ಇದ್ದರೆ ಅವರು ಕೇಳದಿದ್ದರೂ ಕೊಡಿ. ಒಂಬತ್ತನೇ ಕ್ಲಾಸಿಗೆ ಬೇಡ, ಮೈ ಇನ್ನೂ ಬೆಳೆಯುತ್ತಿರುತ್ತದೆ. ಹತ್ತನೆಯದರ ವಸಂತಕಾಲ ಸರಿಯಾದ ಹೊತ್ತು, ಯಾಕೆಂದರೆ ಡಿವಿಷನ್ 1 ಕೋಚ್‌ಗಳು ಹನ್ನೊಂದನೆಯದಕ್ಕೆ ಮೊದಲಿನ ಆಗಸ್ಟ್ 1ರಿಂದ ಹುಡುಗರ ಜೊತೆ ನೇರ ಮಾತಾಡಬಹುದು.

ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಶೋಕೇಸಿಗೆ ಎರಡು.

ಈಗ ಸಂಜೆ ಹೊತ್ತು ಗರಾಜಿನಲ್ಲಿ ಮೆಷಿನ್ ಇಟ್ಟು ಎದೆ ಎತ್ತರದ ಚೆಂಡನ್ನೇ ಹಾಕಿಸಿಕೊಳ್ಳುತ್ತಾನೆ, ಚೆಂಡು ತುಂಬುವುದು ಅವರಪ್ಪ. ಹೋದ ಭಾನುವಾರ ಮೊದಲ ಸಲ ತಾನೇ ಕೇಳಿಕೊಂಡು ಎರಡನೇ ಬೇಸಿನಲ್ಲಿ ಆಡಿದ. ನಾಲ್ಕು ಸಲ ಬ್ಯಾಟಿಂಗ್ ಬಂತು. ಪುಸ್ತಕದಲ್ಲಿ ಒಂದು ಸ್ಟ್ರೈಕ್‌ಔಟ್ ಇದೆ, ಎರಡು 4-3 ಇವೆ, ಕೊನೆಯದು ಮೂರನೇ ಬೇಸಿನ ಗೆರೆಗುಂಟ ಎಡಗಡೆಗೆ ಹೋದ ಡಬಲ್, ಅಂದರೆ ಎರಡನೇ ಬೇಸಿನವರೆಗೆ ಓಡಿದ ಹೊಡೆತ. ಅಕ್ಟೋಬರಿನಲ್ಲಿ ಅದೇ ಕೋಚನ್ನು ಮತ್ತೆ ಒಂದು ಆಟಕ್ಕೆ ಕರೆಸುತ್ತಿದ್ದೇವೆ.