ಮಗಳ ಹಾರ್ಪ್ ಕ್ಲಾಸ್: ಎರಡು ವರ್ಷ ಕಳಿಸಿದ ಮೇಲೆ ಬರೆಯುತ್ತಿದ್ದೇನೆ

ಚಿಕಾಗೋ ಸುತ್ತಮುತ್ತ ಇರುವ ನಮ್ಮ ಕನ್ನಡದವರಲ್ಲಿ ಮೂರ್ನಾಲ್ಕು ಮನೆಯವರು ಈಗಾಗಲೇ ಕೇಳಿದ್ದಾರೆ. ಹಾರ್ಪ್ (ನಿಂತಿರುವ ದೊಡ್ಡ ಚೌಕಟ್ಟಿಗೆ ತಂತಿ ಬಿಗಿದ, ಬೆರಳಿನಿಂದ ಮೀಟುವ ಪಾಶ್ಚಾತ್ಯ ವಾದ್ಯ) ಕ್ಲಾಸ್ ಹೇಗಿದೆ, ದುಡ್ಡು ಎಷ್ಟಾಗುತ್ತೆ, ಅಷ್ಟು ದೊಡ್ಡ ವಾದ್ಯ ಮನೆಯಲ್ಲಿ ಎಲ್ಲಿ ಇಟ್ಟಿದ್ದೀರಿ ಅಂತ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುವ ಬದಲು ಇಲ್ಲೇ ಬರೆಯುತ್ತಿದ್ದೇನೆ. ಟೀಚರ್ ಹೆಸರು ಹಾಕುವುದಿಲ್ಲ. ಅವರು ಪಾಠ ಮಾಡುವುದು ತಮ್ಮ ಮನೆಯಲ್ಲೇ, ಹೆಸರು ವಿಳಾಸ ಎಲ್ಲ ಕಡೆ ಹರಡುವುದು ಅವರಿಗೆ ಇಷ್ಟವಿಲ್ಲ. ನಿಜವಾಗಿ ಬೇಕಾದವರು ನನಗೆ ಹೇಳಿ, ಅವರ ಒಪ್ಪಿಗೆ ತೆಗೆದುಕೊಂಡು ನಂಬರ್ ಕೊಡುತ್ತೇನೆ.

ನನ್ನ ಮಟ್ಟಿಗೆ ಐದಕ್ಕೆ ಐದು. ಆದರೆ ಸೇರಿಸುವ ಮೊದಲು ಒಂದು ಅನುಮಾನ ಇತ್ತು, ಅದನ್ನೂ ಹೇಳುತ್ತೇನೆ, ಯಾಕೆಂದರೆ ನಿಮಗೂ ಅದೇ ಬರಬಹುದು.

ಈ ಟೀಚರ್ ಯಾವ ಆರ್ಕೆಸ್ಟ್ರಾದಲ್ಲೂ (ಪಾಶ್ಚಾತ್ಯ ಸಂಗೀತದ ವಾದ್ಯವೃಂದ) ಖಾಯಂ ಕೆಲಸದಲ್ಲಿ ಇಲ್ಲ. ಎಲ್ಲಾದರೂ ಹಾರ್ಪ್ ಬೇಕಾದಾಗ ಕರೆಯುತ್ತಾರೆ, ಹೋಗಿ ನುಡಿಸಿ ಬರುತ್ತಾರೆ. ಬೇಸಿಗೆಯ ಶನಿವಾರಗಳಲ್ಲಿ ಮದುವೆ, ವಾರಕ್ಕೊಂದು ದಿನ ಆಸ್ಪತ್ರೆ, ಡಿಸೆಂಬರ್ ಬಂತೆಂದರೆ ಬ್ಯಾಲೆ, ಮಧ್ಯೆ ಮಧ್ಯೆ ಶಾಲೆಗಳಿಗೆ ಹಾರ್ಪ್ ಹೊತ್ತುಕೊಂಡು ಹೋಗಿ ಮಕ್ಕಳಿಗೆ ತೋರಿಸುವುದು, ಉಳಿದ ಹೊತ್ತಿನಲ್ಲಿ ಮನೆಪಾಠ. ಇಷ್ಟು ಕಡೆ ಓಡಾಡುವವರು ಯಾವುದರಲ್ಲಾದರೂ ಗಟ್ಟಿ ಇರುತ್ತಾರಾ ಅಂತ ನನಗೆ ಅನ್ನಿಸಿತ್ತು. ಆಗ ಮೈಸೂರಿನಿಂದ ಬಂದಿದ್ದ ನಮ್ಮ ಅತ್ತೆ ಒಂದು ಮಾತು ಹೇಳಿದರು. "ನಮ್ಮೂರ ವಾಲಗದವರು ಬೆಳಿಗ್ಗೆ ದೇವಸ್ಥಾನದಲ್ಲಿ ನುಡಿಸಿ, ಅಲ್ಲಿಂದ ಮದುವೆ ಮನೆಗೆ ಬಂದು, ರಾತ್ರಿ ಉತ್ಸವಕ್ಕೆ ಹೋಗ್ತಿದ್ರು ಕಣಮ್ಮ, ಅವರ ವಿದ್ಯೆ ಏನು ಕಡಿಮೆ ಇತ್ತಾ?"

ಆಮೇಲೆ ವಿಚಾರಿಸಿದಾಗ ಗೊತ್ತಾಯಿತು, ಹಾರ್ಪ್‌ನವರ ಬದುಕೇ ಹೀಗೆ. ದೊಡ್ಡ ಆರ್ಕೆಸ್ಟ್ರಾ ಎಂದರೂ ಪಿಟೀಲಿನವರು ಇಪ್ಪತ್ತೈದು ಮೂವತ್ತು ಜನ ಇರುತ್ತಾರೆ, ಹಾರ್ಪ್‌ಗೆ ಸಾಮಾನ್ಯವಾಗಿ ಒಂದೇ ಖಾಯಂ ಕುರ್ಚಿ. ಅದರಲ್ಲಿ ಕೂತವರು ನಿವೃತ್ತರಾಗುವವರೆಗೆ ಅದು ಖಾಲಿಯಾಗುವುದಿಲ್ಲ. ಹಾಗಾಗಿ ತುಂಬಾ ಚೆನ್ನಾಗಿ ನುಡಿಸುವವರೂ ಹತ್ತು ಕಡೆ ಕೆಲಸ ಮಾಡಿಯೇ ಬದುಕುತ್ತಾರೆ. ಮತ್ತು ಆ ಹತ್ತು ಕಡೆಯ ಕೆಲಸವೂ ನಮ್ಮ ಹುಡುಗಿಯ ಪಾಠದಲ್ಲಿ ಬಂದು ಕೂರುತ್ತದೆ.

ಮದುವೆಯದನ್ನೇ ತೆಗೆದುಕೊಳ್ಳಿ. ಇಲ್ಲಿನ ಮದುವೆಗಳಲ್ಲಿ ಮದುಮಗಳು ನಡೆದು ಬರುವಾಗ ಹಾರ್ಪ್ ನುಡಿಸುತ್ತಾರೆ. ಅವಳು ಬೇಗ ನಡೆದರೆ ಹಾಡು ಅರ್ಧಕ್ಕೇ ಚೆಂದವಾಗಿ ಮುಗಿಯಬೇಕು, ಉಡುಪು ಸಿಕ್ಕಿಹಾಕಿಕೊಂಡು ನಿಂತರೆ ಇನ್ನೊಂದು ಸುತ್ತು ಬೆಳೆಯಬೇಕು. ಟೀಚರ್ ಇದನ್ನೇ ಆಟ ಮಾಡಿದ್ದಾರೆ. ಮಗಳು ನುಡಿಸುತ್ತಿರುತ್ತಾಳೆ, ಅವರು ಕೋಣೆಯ ಆ ತುದಿಯಿಂದ ಮದುಮಗಳ ಹಾಗೆ ನಡೆದು ಬರುತ್ತಾರೆ, ಹಾರ್ಪ್ ಪಕ್ಕ ಬಂದು ನಿಂತ ಕೂಡಲೇ ಇವಳು ಎಡವದೆ ಮುಗಿಸಬೇಕು. ಮೊದಮೊದಲು ಧಡ್ ಅಂತ ನಿಲ್ಲಿಸುತ್ತಿದ್ದಳು. ಈಗ ಟೀಚರ್ ಎರಡು ಹೆಜ್ಜೆ ದೂರ ಇರುವಾಗಲೇ ಕೈ ಹಾಡು ಮುಗಿಯುವ ಮೂಲ ಸ್ವರದ ಕಡೆ ತಿರುಗುತ್ತದೆ. ಹತ್ತು ವರ್ಷದ ಹುಡುಗಿ ಪುಸ್ತಕ ನೋಡದೆ, ತಾನೇ ಒಂದು ಮುಕ್ತಾಯ ಕಟ್ಟುವುದು ಸಣ್ಣ ವಿಷಯ ಅಲ್ಲ, ಅಲ್ವಾ?

ಆಸ್ಪತ್ರೆಯಿಂದ ಬಂದ ಪಾಠ ನನಗೆ ಇನ್ನೂ ಇಷ್ಟ. ಅಲ್ಲಿ ಹಾಸಿಗೆ ಪಕ್ಕ ಕೂತು ನುಡಿಸುವಾಗ ರೋಗಿಯ ಉಸಿರು ನೋಡಿಕೊಂಡು ವೇಗ ಇಳಿಸುತ್ತಾರಂತೆ. ಹಾರ್ಪ್ ತಂತಿ ಒಮ್ಮೆ ಮೀಟಿದರೆ ತಾನಾಗಿ ನಿಲ್ಲುವವರೆಗೆ ಮೊಳಗುತ್ತಲೇ ಇರುತ್ತದೆ, ಬೇಡವೆಂದರೆ ಅಂಗೈ ಇಟ್ಟು ನಿಲ್ಲಿಸಬೇಕು. ಆದ್ದರಿಂದ ಮಗಳಿಗೆ ಪ್ರತಿ ಕ್ಲಾಸಿನ ಶುರುವಿನಲ್ಲಿ ಒಂದೇ ತಂತಿ ಮೀಟಿಸಿ, ಸದ್ದು ಪೂರ್ತಿ ಹೋಗುವವರೆಗೆ ಸುಮ್ನೆ ಕೇಳಿಸುತ್ತಾರೆ. ಮನೆಯಲ್ಲಿ ಒಂದು ನಿಮಿಷ ಕೂರದವಳು ಅಲ್ಲಿ ಕೂರುತ್ತಾಳೆ.

ಇನ್ನು ಆರ್ಕೆಸ್ಟ್ರಾದಲ್ಲಿ ಹಾರ್ಪ್‌ನವರು ಎಷ್ಟೋ ಹೊತ್ತು ಏನೂ ನುಡಿಸದೆ, ಬರೀ ತಾಳ ಎಣಿಸುತ್ತಾ, ಸರಿಯಾದ ಜಾಗದಲ್ಲಿ ನಾಲ್ಕು ಸ್ವರ ಹಾಕಬೇಕಾಗುತ್ತದೆ. ಇವಳಿಗೂ ಎಣಿಸುವ ಅಭ್ಯಾಸ ಬಿದ್ದಿದೆ.

ವಾದ್ಯದ ಬಗ್ಗೆ ಸ್ವಲ್ಪ. ವೇದಿಕೆಯಲ್ಲಿ ನೋಡುವ ದೊಡ್ಡದು ಪೆಡಲ್ ಹಾರ್ಪ್. 47 ತಂತಿ, ಸುಮಾರು ಆರಡಿ ಎತ್ತರ, ಮೂವತ್ತಾರು ಕಿಲೋ ಆಸುಪಾಸು ತೂಕ, ಕೆಳಗೆ 7 ಪೆಡಲ್. ಒಂದೊಂದು ಪೆಡಲ್ ಒಂದೊಂದು ಸ್ವರಕ್ಕೆ, ಒಂದೊಂದಕ್ಕೂ ಮೂರು ಮೆಟ್ಟಿಲು (ಪೆಡಲ್ ನಿಲ್ಲುವ ಜಾಗ). ಪ್ಯಾರಿಸ್‌ನ ವಾದ್ಯ ತಯಾರಕ ಎರಾರ್ 1810ರಲ್ಲಿ ಈ ಏರ್ಪಾಡು ಮಾಡಿದ್ದು, ಇವತ್ತಿಗೂ ಅದೇ ನಡೆಯುತ್ತಿದೆ. ಮಕ್ಕಳಿಗೆ ಅದು ಬೇಡ. 34 ತಂತಿಯ ಲಿವರ್ ಹಾರ್ಪ್ ಸಾಕು. ಇದರಲ್ಲಿ ತಂತಿಯ ಮೇಲ್ತುದಿಯಲ್ಲಿ ಪುಟ್ಟ ಲಿವರ್ ಇರುತ್ತದೆ, ಎತ್ತಿದರೆ ಅರ್ಧ ಸ್ವರ ಏರುತ್ತದೆ. ನಮ್ಮದು ಹಾಲ್‌ನ ಕಿಟಕಿ ಪಕ್ಕ ಒಂದು ಕುರ್ಚಿಯಷ್ಟು ಜಾಗದಲ್ಲಿ ನಿಂತಿದೆ. ಹಿಂದಿನ ಸೀಟು ಮಡಚಿದರೆ ಕಾರಿನಲ್ಲೂ ಹೋಗುತ್ತದೆ.

ನಾವು ಮೊದಲು ಆನ್‌ಲೈನ್‌ನಲ್ಲಿ ಒಂದು ಅಂಗಡಿಯಿಂದ ಬಾಡಿಗೆಗೆ ತರಿಸಿ ತುಂಬಾ ಕಷ್ಟಪಟ್ಟೆವು. ಕೆಲವು ಲಿವರ್ ಎತ್ತಿದರೆ ಸ್ವರ ಅಪಸ್ವರ, ಕೆಳಗಿನ ಎರಡು ತಂತಿ ಜುಯ್ ಅಂತ ಸದ್ದು ಮಾಡುತ್ತಿದ್ದವು. ಫೋನ್ ಮಾಡಿದರೆ, ಹೊಸ ತಂತಿ, ಸರಿಹೋಗುತ್ತೆ ಅಂದರು. ಮಗಳು ತನ್ನ ಕೈಯೇ ಸರಿಯಿಲ್ಲ ಅಂದುಕೊಂಡು ಅತ್ತಿದ್ದಳು, ಅದು ನನಗೆ ಈಗಲೂ ಬೇಜಾರು. ಟೀಚರ್ ಮನೆಗೆ ಬಂದು ಹತ್ತೇ ನಿಮಿಷದಲ್ಲಿ ದೋಷ ವಾದ್ಯದ್ದು ಅಂತ ತೋರಿಸಿಕೊಟ್ಟರು. ವಾಪಸ್ ಕಳಿಸುವಷ್ಟರಲ್ಲಿ ಮೂರು ವಾರ ಹೋಯಿತು. ಬಾಡಿಗೆಗೆ ತರುವ ಮೊದಲು ದಯವಿಟ್ಟು ನುಡಿಸಬಲ್ಲ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ.

ಎರಡನೇ ಸಲ ಟೀಚರೇ ನಮ್ಮನ್ನು ಆಗ್ಡನ್ ಅವೆನ್ಯೂದ ಲಯನ್ ಆ್ಯಂಡ್ ಹೀಲಿಗೆ ಕರೆದುಕೊಂಡು ಹೋದರು. 1864ರಲ್ಲಿ ಸಂಗೀತದ ಅಂಗಡಿಯಾಗಿ ಶುರುವಾಗಿ, 1889ರಲ್ಲಿ ಮೊದಲ ಹಾರ್ಪ್ ಮಾಡಿದವರು, ಈಗಲೂ ಚಿಕಾಗೋದಲ್ಲೇ ಮಾಡುತ್ತಾರೆ. ಚಿನ್ನದ ರೇಕು ಹಚ್ಚಿದ ಕಂಬದ ಹಾರ್ಪ್ ಎದುರು ಮಗಳು ಮುಟ್ಟಲೂ ಹೆದರಿ ನಿಂತಿದ್ದಳು. ಹೊಸ ಪೆಡಲ್ ಹಾರ್ಪ್ ಎಂದರೆ ಒಂದು ಕಾರಿನ ಬೆಲೆ. ಟೀಚರ್ ಅದರ ಹತ್ತಿರವೂ ನಮ್ಮನ್ನು ಎಳೆಯಲಿಲ್ಲ. "ಮೂರು ವರ್ಷ ಬಾಡಿಗೆಯಲ್ಲಿ ನುಡಿಸಲಿ, ಆಮೇಲೆ ಮಾತಾಡೋಣ" ಅಂದರು.

ಈಗ ನಮ್ಮ ಮನೆಯಲ್ಲಿ ಎಲ್ಲರೂ ನೆನೆಸಿಕೊಳ್ಳುವ ದಿನದ ಬಗ್ಗೆ. ಅತ್ತೆ ಒಮ್ಮೆ ಕ್ಲಾಸಿಗೆ ಬಂದಿದ್ದರು. ಅವರು ಚಿಕ್ಕಂದಿನಲ್ಲಿ ವೀಣೆ ಕಲಿತವರು. ಟೀಚರ್ ಕೇಳಿದ್ದಕ್ಕೆ ಕರ್ನಾಟಕ ಸಂಗೀತದ ಮೊದಲ ಪಾಠವಾದ ಸರಳೆ ಹಾಡಿ ತೋರಿಸಿದರು, ಮಾಯಾಮಾಳವಗೌಳ ರಾಗ, ಐದು ಮನೆ ಶ್ರುತಿಯಲ್ಲಿ, ಅಂದರೆ ಪಾಶ್ಚಾತ್ಯ ಹೆಸರಿನಲ್ಲಿ ಜಿ. ಟೀಚರ್ ಕಣ್ಣು ಮುಚ್ಚಿ ಕೇಳಿ, ಇನ್ನೊಮ್ಮೆ ಹಾಡಿಸಿ, ಬಿ ಮತ್ತು ಎಫ್ ತಂತಿಗಳ ಲಿವರ್ ಎತ್ತಿದರು, ಎ ಮತ್ತು ಇ ಇದ್ದ ಹಾಗೇ ಬಿಟ್ಟರು. ಜಿ ತಂತಿಯನ್ನು ಷಡ್ಜ ಮಾಡಿಕೊಂಡು ನುಡಿಸಿದರೆ ಅದೇ ರಾಗದ ಸ್ವರಗಳು! ಮಗಳಿಗೆ ನುಡಿಸಲು ಕೊಟ್ಟು, ಅತ್ತೆಯನ್ನು ಜೊತೆಗೆ ಹಾಡಲು ಹೇಳಿದರು. ಅಜ್ಜಿ ಮೊಮ್ಮಗಳು ಎರಡು ಕಾಲದಲ್ಲಿ ಸರಳೆ ಮುಗಿಸಿದರು. "ರಿಷಭ ಸ್ವಲ್ಪ ಅಲುಗಾಡಬೇಕಿತ್ತು" ಅಂತ ಅತ್ತೆ ಹೇಳಿದ್ದು ನಿಜವೇ, ಹಾರ್ಪ್‌ನಲ್ಲಿ ವೀಣೆಯ ಹಾಗೆ ತಂತಿ ಎಳೆದು ಗಮಕ (ಸ್ವರದ ಅಲುಗಾಟ) ತರಲು ಆಗುವುದಿಲ್ಲ. ಟೀಚರ್ ಅದನ್ನು ಒಪ್ಪಿ, ಗಮಕ ಅಂದರೇನು ಅಂತ ಅತ್ತೆಯ ಹತ್ತಿರ ಅರ್ಧ ಗಂಟೆ ಕೇಳಿ, ನೋಟ್‌ಬುಕ್‌ನಲ್ಲಿ ಬರೆದುಕೊಂಡರು. ಆ ಅರ್ಧ ಗಂಟೆಗೆ ಫೀಸ್ ತೆಗೆದುಕೊಳ್ಳಲಿಲ್ಲ.

ಕೊರತೆಗಳೂ ಇವೆ. ಗ್ರೇಡ್ ಪರೀಕ್ಷೆ, ಸರ್ಟಿಫಿಕೇಟ್ ಬೇಕೆನ್ನುವವರಿಗೆ ಇವರು ಸರಿಹೋಗುವುದಿಲ್ಲ, ಆ ದಾರಿಯಲ್ಲಿ ಕಲಿಸುವುದೇ ಇಲ್ಲ. ಕ್ಲಾಸಿನ ದಿನ ಬದಲಾಗುವುದು ಜಾಸ್ತಿ. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಶನಿವಾರ ಸಿಗುವುದಿಲ್ಲ. ಕ್ರಿಸ್‌ಮಸ್ ಹೊತ್ತಿಗೆ ಆಡುವ ನಟ್‌ಕ್ರ್ಯಾಕರ್ ಬ್ಯಾಲೆಯಲ್ಲಿ ಹಾರ್ಪ್‌ಗೆ ದೊಡ್ಡ ಕೆಲಸ ಇರುವುದರಿಂದ ಡಿಸೆಂಬರ್‌ನಲ್ಲಿ ನಮಗೆ ಎರಡೇ ಕ್ಲಾಸ್ ಸಿಕ್ಕವು. ತಪ್ಪಿದ್ದನ್ನು ಜನವರಿಯಲ್ಲಿ ಪೂರ್ತಿ ಮಾಡಿಕೊಟ್ಟರು, ಆದರೆ ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಹೊಂದಿಸಿಕೊಳ್ಳುವುದು ಕಷ್ಟ. ಮಗಳು ಫೋಟೋಗೆಂದು ಬೆಳೆಸಿದ್ದ ಉಗುರನ್ನು ಮೊದಲ ದಿನವೇ ಕತ್ತರಿಸಬೇಕಾಯಿತು, ಬೆರಳ ತುದಿಯ ಮಾಂಸದಿಂದಲೇ ಮೀಟಬೇಕು, ಕಿರುಬೆರಳು ಬಿಟ್ಟು ನಾಲ್ಕು ಬೆರಳು. ಮೊದಲ ಒಂದು ತಿಂಗಳು ಬೆರಳು ಉರಿಯುತ್ತದೆ.

ನಾವು 45 ನಿಮಿಷಕ್ಕೆ 65 ಡಾಲರ್ ಕೊಡುತ್ತಿದ್ದೇವೆ, ಬಾಡಿಗೆ ಬೇರೆ. ಸದ್ಯ ಅವರ ಹತ್ತಿರ ಜಾಗ ಇಲ್ಲ. ಹೊಸ ಮಕ್ಕಳನ್ನು ಶಾಲೆ ಶುರುವಾಗುವ ಆಗಸ್ಟ್‌ನಲ್ಲಿ ತೆಗೆದುಕೊಳ್ಳುತ್ತಾರೆ, ಅದೂ ಒಂದಿಬ್ಬರನ್ನು. ಬೇಕಿದ್ದರೆ ಜೂನ್ ಒಳಗೆ ನನಗೆ ತಿಳಿಸಿ, ಮಗುವನ್ನು ಒಮ್ಮೆ ನಮ್ಮ ಮನೆಗೆ ಕರೆತಂದು ಹಾರ್ಪ್ ಮುಟ್ಟಿಸಿ ನೋಡಿ.