“ವಿಷ ಹೊರಗೆ ಹೋಗುತ್ತಿದೆ” ಅಂದ ಕೂಡಲೇ ಎದ್ದು ಬನ್ನಿ

ತೂಕ ಇಳಿಸುವ ಕೇಂದ್ರಕ್ಕೆ ಸೇರಬೇಕು ಅಂತ ಯೋಚಿಸುತ್ತಿರುವವರು ದಯವಿಟ್ಟು ಇದನ್ನು ಓದಿ. ಸ್ವಲ್ಪ ಉದ್ದ ಇದೆ. ನಾನು ಸೇರಿದ್ದ ಕೇಂದ್ರದ ಹೆಸರು ಹಾಕುವುದಿಲ್ಲ. ಹಾಕಿದರೆ ಅದೊಂದೇ ಕೆಟ್ಟದ್ದು ಅಂದುಕೊಂಡು ನೀವು ಪಕ್ಕದ್ದಕ್ಕೆ ಹೋಗುತ್ತೀರಿ, ಅಲ್ವಾ? ಅಲ್ಲೂ ಹೇಳುವುದು ಇದೇ ಮಾತುಗಳನ್ನೇ.

ಮೊದಲು ಒಂದು ಯಂತ್ರದ ಮೇಲೆ ಬರಿಗಾಲಲ್ಲಿ ನಿಲ್ಲಿಸಿದರು. ಕೊಬ್ಬು ಎಷ್ಟು, ಮಾಂಸಖಂಡ ಎಷ್ಟು, ‘ದೇಹದ ವಯಸ್ಸು’ ಎಷ್ಟು ಅಂತ ಚೀಟಿ ಬಂತು. ನನ್ನ ದೇಹದ ವಯಸ್ಸು ನಿಜವಾದ ವಯಸ್ಸಿಗಿಂತ ತುಂಬಾ ಜಾಸ್ತಿ. ಚೀಟಿ ಕೈಗೆ ಕೊಟ್ಟು ಸುಮ್ನೆ ನನ್ನ ಮುಖ ನೋಡುತ್ತಾ ಕೂತರು. ಆ ಯಂತ್ರ ಮಾಡುವುದು ಇಷ್ಟೇ: ಮೈಯೊಳಗೆ ಸಣ್ಣ ಕರೆಂಟು ಹರಿಸುತ್ತದೆ. ನೀರಿನಂಶ ಇರುವ ಕಡೆ ಅದು ಸಲೀಸಾಗಿ ಹರಿಯುತ್ತದೆ, ಕೊಬ್ಬಿನಲ್ಲಿ ತಡೆಯುತ್ತದೆ. ಉಳಿದದ್ದೆಲ್ಲ ಸೂತ್ರ ಹಾಕಿ ತೆಗೆದ ಅಂದಾಜು. ನೀರು ಕುಡಿದು ನಿಂತರೆ ಒಂದು ಅಂಕಿ, ಬೆವರಿ ಬಂದು ನಿಂತರೆ ಇನ್ನೊಂದು. ಅದನ್ನು ನೋಡಿ ದುಡ್ಡು ಕಟ್ಟಬೇಡಿ.

ಪ್ಲಾನ್ ಏನೆಂದರೆ, ಎರಡು ಹೊತ್ತು ನೀರಿಗೆ ಕಲಸಿದ ಪುಡಿ, ಒಂದು ಹೊತ್ತು ಚೂರು ಊಟ, ಎಣ್ಣೆ ಜಿಡ್ಡು ಪೂರ್ತಿ ಬಂದ್, ರಾತ್ರಿ ಒಂದು ‘ಶುದ್ಧಿ’ ಟೀ, ಜೊತೆಗೆ ಹೊಟ್ಟೆಗೆ ಬಿಗಿದುಕೊಳ್ಳುವ ಬೆವರಿಳಿಸುವ ಬೆಲ್ಟ್. ಮೊದಲ ವಾರದಲ್ಲೇ ತೂಕ ದಡದಡ ಇಳಿಯಿತು. ಕೇಂದ್ರದವರು ಚಪ್ಪಾಳೆ ತಟ್ಟಿ ಫೋಟೋ ತೆಗೆದರು.

ಇಳಿದದ್ದು ಬಹುಪಾಲು ನೀರು. ನಮ್ಮ ಲಿವರ್ ಮತ್ತು ಮಾಂಸಖಂಡಗಳಲ್ಲಿ ಗ್ಲೈಕೋಜೆನ್ ಅಂತ ಸಕ್ಕರೆಯ ದಾಸ್ತಾನು ಇರುತ್ತದೆ, ಅದರ ಪ್ರತಿ ಗ್ರಾಂ ಜೊತೆ ಸುಮಾರು 3 ಗ್ರಾಂ ನೀರು ಅಂಟಿಕೊಂಡಿರುತ್ತದೆ, ಊಟ ಕಡಿಮೆ ಮಾಡಿದ ಕೂಡಲೇ ದೇಹ ಮೊದಲು ಖಾಲಿ ಮಾಡುವುದು ಇದನ್ನೇ, ಹಾಗಾಗಿ ಯಾರು ಯಾವ ಪುಡಿ ಕುಡಿದರೂ ಮೊದಲ ವಾರ ಮುಳ್ಳು ಕೆಳಗೆ ಹೋಗೇ ಹೋಗುತ್ತದೆ. ನಾಲ್ಕು ದಿನ ಸರಿಯಾಗಿ ಊಟ ಮಾಡಿದರೆ ಮರಳಿ ಮೇಲೆ. ಆಗ ನಿಮಗೆ ಶಿಸ್ತಿಲ್ಲ ಅಂತಾರೆ.

‘ವಾರಕ್ಕೆ 4 ಕೆಜಿ ಕೊಬ್ಬು’ ಅಂತ ಬೋರ್ಡು ಹಾಕಿರುತ್ತಾರಲ್ಲ, ಅದನ್ನು ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಒಂದು ಕೆಜಿ ಮೈಕೊಬ್ಬಿನಲ್ಲಿ ಹತ್ತಿರ ಹತ್ತಿರ 7,700 ಕ್ಯಾಲೊರಿ ಇರುತ್ತದೆ. ನಾಲ್ಕು ಕೆಜಿಗೆ 30,800. ದಿನಕ್ಕೆ 4,400 ಕ್ಯಾಲೊರಿ ಕೊರತೆ ಬೀಳಬೇಕು. ಹೆಚ್ಚಿನವರು ಇಡೀ ದಿನಕ್ಕೆ ಖರ್ಚು ಮಾಡುವುದೇ 3,000ದ ಒಳಗೆ. ಅಂದರೆ ಏನೂ ತಿನ್ನದೆ ಉಪವಾಸ ಬಿದ್ದರೂ ಆಗದ ಕೆಲಸ ಇದು.

ಬೆಲ್ಟ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬೆವರು ನೀರು, ಕುಡಿದರೆ ವಾಪಸ್ ಬರುತ್ತದೆ. ಬೇಕಾದ ಜಾಗದ ಕೊಬ್ಬು ಮಾತ್ರ ಕರಗಿಸಬಹುದು ಅನ್ನುವುದೂ ಸುಳ್ಳು. ಟೆನಿಸ್ ಆಡುವವರು ವರ್ಷಗಟ್ಟಲೆ ಒಂದೇ ಕೈ ಬೀಸುತ್ತಾರೆ. 1971ರಲ್ಲಿ ಅಂಥವರ ಎರಡೂ ತೋಳು ಅಳೆದು ನೋಡಿದ್ದಾರೆ. ಆಡುವ ಕೈಯ ಸ್ನಾಯು ದಪ್ಪ ಇತ್ತು, ಚರ್ಮದಡಿಯ ಕೊಬ್ಬು ಮಾತ್ರ ಎರಡೂ ಕಡೆ ಒಂದೇ.

ಟೀ ವಿಷಯ ಹೇಳಲೇಬೇಕು. ಇಂಥ ಟೀಗಳಲ್ಲಿ ಸಾಮಾನ್ಯವಾಗಿ ಇರುವುದು ಭೇದಿ ಮಾಡಿಸುವ ಸೊಪ್ಪು. ಬೆಳಗ್ಗೆ ಹೊಟ್ಟೆ ಹಗುರ ಅನ್ನಿಸುತ್ತದೆ, ನಿಜ. ಆದರೆ ತಿಂದದ್ದರ ಸಾರವನ್ನು ಸಣ್ಣ ಕರುಳು ಆಗಲೇ ಹೀರಿಕೊಂಡಿರುತ್ತದೆ, ಈ ಸೊಪ್ಪು ಕೆಲಸ ಮಾಡುವುದು ಅದರ ಆಚೆಗಿನ ದೊಡ್ಡ ಕರುಳಿನಲ್ಲಿ. ಹೋಗುವುದು ನೀರು ಮತ್ತು ಲವಣ. ಪೊಟ್ಯಾಸಿಯಂ ತುಂಬಾ ಇಳಿದರೆ ಹೃದಯದ ಬಡಿತವೇ ಏರುಪೇರಾಗುತ್ತದೆ. ಇನ್ನು ವಿಷ ತೆಗೆಯುವ ಕೆಲಸಕ್ಕೆ ಲಿವರ್ ಮತ್ತು ಕಿಡ್ನಿ ಹುಟ್ಟಿದಾಗಿನಿಂದ ಡ್ಯೂಟಿಯಲ್ಲಿವೆ.

ಇಷ್ಟಕ್ಕೇ ಮುಗಿದಿದ್ದರೆ ದುಡ್ಡು ಹೋಯಿತು ಅಂತ ಸುಮ್ಮನಿರುತ್ತಿದ್ದೆ. ಆಮೇಲೆ ತಲೆಸುತ್ತು ಶುರುವಾಯಿತು. ಕೋಚ್ ಹೇಳಿದ್ದು, “ತುಂಬಾ ಒಳ್ಳೇದು, ವಿಷ ಹೊರಗೆ ಹೋಗುತ್ತಿದೆ.” ಸೆಕೆಯಲ್ಲೂ ಚಳಿ ಆಗುತ್ತಿತ್ತು. ಅದಕ್ಕೆ “ಕೊಬ್ಬು ಕರಗುತ್ತಿದೆ, ಅದಕ್ಕೇ.” ಎರಡು ಮೂರು ತಿಂಗಳಲ್ಲಿ ಕೂದಲು ಹಿಡಿ ಹಿಡಿ ಉದುರಿತು. ಅದಕ್ಕೆ ಶಾಂಪೂ ಬದಲಿಸಿ ಅಂದರು. ಏನೇ ಆದರೂ ಅವರ ಹತ್ತಿರ ಉತ್ತರ ರೆಡಿ, ಮತ್ತು ಆ ಉತ್ತರದಲ್ಲಿ ‘ನಿಲ್ಲಿಸಿ’ ಅನ್ನುವ ಪದ ಮಾತ್ರ ಇರುವುದಿಲ್ಲ.

ಚಳಿ, ಸುಸ್ತು, ಸಿಡುಕು, ಹೊತ್ತುಹೊತ್ತಿಗೂ ಊಟದ್ದೇ ಯೋಚನೆ, ಇವೆಲ್ಲ ಅರೆಹೊಟ್ಟೆಯಲ್ಲಿರುವ ದೇಹದ ಲಕ್ಷಣಗಳು. 1944–45ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಆನ್ಸೆಲ್ ಕೀಸ್ ಅನ್ನುವ ವಿಜ್ಞಾನಿ 36 ಆರೋಗ್ಯವಂತ ಗಂಡಸರನ್ನು 24 ವಾರ ಅರೆಹೊಟ್ಟೆಯಲ್ಲಿಟ್ಟು ಇದನ್ನೆಲ್ಲ ಬರೆದಿಟ್ಟಿದ್ದಾರೆ. ದೇಹ ಖರ್ಚು ಕಡಿಮೆ ಮಾಡಿಕೊಳ್ಳುತ್ತದೆ, ಮೈ ತಣ್ಣಗಾಗುತ್ತದೆ. ಕೂದಲಂತೂ ಏಟು ಬಿದ್ದು ಎರಡು ಮೂರು ತಿಂಗಳಾದ ಮೇಲೆ ಉದುರುವುದು, ಅದಕ್ಕೇ ಯಾರಿಗೂ ಡಯಟ್ ಮೇಲೆ ಅನುಮಾನ ಬರುವುದಿಲ್ಲ.

ಕೊನೆಗೆ ನೋವು. ಊಟ ಆಗಿ ಸ್ವಲ್ಪ ಹೊತ್ತಿಗೆ ಹೊಟ್ಟೆಯ ಮೇಲ್ಭಾಗ, ಬಲಗಡೆ, ಹಿಂಡಿದ ಹಾಗೆ ಶುರುವಾಗಿ ಬಲಭುಜದ ಹಿಂದಕ್ಕೆ ಹೋಗುತ್ತಿತ್ತು. ಕೋಚ್‌ಗೆ ಫೋನ್ ಮಾಡಿದರೆ ಗ್ಯಾಸ್ ಅಂದರು, ಟೀ ಇನ್ನೊಂದು ಲೋಟ ಜಾಸ್ತಿ ಕುಡಿಯಲು ಹೇಳಿದರು. ಆಸ್ಪತ್ರೆಗೆ ಹೋದಾಗ ಡಾಕ್ಟರು ಸ್ಕ್ಯಾನಿಂಗ್‌ಗೆ ಬರೆಯುವ ಮೊದಲೇ ಕೇಳಿದ ಪ್ರಶ್ನೆ: “ಇತ್ತೀಚೆಗೆ ತೂಕ ಬೇಗ ಇಳಿಸಿದ್ದೀರಾ?”

ಪಿತ್ತಕೋಶದಲ್ಲಿ ಕಲ್ಲು. ಅವರು ಬಿಡಿಸಿ ಹೇಳಿದ ಮೇಲೆ ನನಗೆ ಅರ್ಥವಾದದ್ದು ಹೀಗೆ. ತೂಕ ವೇಗವಾಗಿ ಇಳಿಯುವಾಗ ಲಿವರ್ ಪಿತ್ತರಸಕ್ಕೆ ಜಾಸ್ತಿ ಕೊಲೆಸ್ಟ್ರಾಲ್ ಸುರಿಯುತ್ತದೆ. ಪಿತ್ತಕೋಶ ಚೆನ್ನಾಗಿ ಹಿಂಡಿ ಖಾಲಿಯಾಗಬೇಕಾದರೆ ಊಟದಲ್ಲಿ ಸ್ವಲ್ಪ ಜಿಡ್ಡು ಬೇಕು. ಜಿಡ್ಡೇ ಇಲ್ಲದಿದ್ದರೆ ಆ ಗಟ್ಟಿ ರಸ ಒಳಗೇ ನಿಂತು ಹರಳುಗಟ್ಟುತ್ತದೆ. ಕೊಬ್ಬು ತಿಂದರೆ ಕೊಬ್ಬು ಬರುತ್ತದೆ, ಅದಕ್ಕೆ ಪೂರ್ತಿ ಬಿಡಿ ಅನ್ನುವ ಮಾತಿದೆಯಲ್ಲ, ಕೇಳಲು ಎಷ್ಟು ಸರಿ ಅನ್ನಿಸುತ್ತದೆ! ನನ್ನ ಹೊಟ್ಟೆಯಲ್ಲಿ ಅದು ಮಾಡಿದ್ದು ಇದನ್ನು. ವಾರಕ್ಕೆ ಒಂದೂವರೆ ಕೆಜಿಗಿಂತ ವೇಗವಾಗಿ ಇಳಿದರೆ ಈ ಅಪಾಯ ಏರುತ್ತದೆ ಅಂತ ವೈದ್ಯರಿಗೆ ಹಿಂದಿನಿಂದ ಗೊತ್ತು. ತೀರಾ ಕಡಿಮೆ ಕ್ಯಾಲೊರಿಯ ಡಯಟ್ ಆಸ್ಪತ್ರೆಯಲ್ಲೂ ಕೆಲವರಿಗೆ ಕೊಡುತ್ತಾರೆ, ಆದರೆ ರಕ್ತ ಪರೀಕ್ಷೆ ಮಾಡುತ್ತಾ, ಬೇಕಾದವರಿಗೆ ಕಲ್ಲು ತಡೆಯುವ ಮಾತ್ರೆ ಕೊಟ್ಟು. ಕೇಂದ್ರದವರು ನನಗೆ ಬೇರೆ ಕಾಯಿಲೆ ಇದೆಯಾ ಅಂತಲೂ ಕೇಳಿರಲಿಲ್ಲ. ಆಪರೇಷನ್ ಆಯಿತು, ಪಿತ್ತಕೋಶ ತೆಗೆದರು. ದುಡ್ಡು ವಾಪಸ್ ಕೇಳಿದಾಗ ಬಂದ ಉತ್ತರ, “ನಿಮಗೆ ಮೊದಲೇ ಕಲ್ಲು ಇದ್ದಿರಬೇಕು.”

ಮುಂದಿನ ಹಂತಕ್ಕೆ ‘ಗಿಡಮೂಲಿಕೆ’ ಕ್ಯಾಪ್ಸೂಲ್ ಕೂಡ ಎತ್ತಿಟ್ಟಿದ್ದರು, ಅದು ನನ್ನವರೆಗೆ ಬರಲಿಲ್ಲ. ಗಿಡಮೂಲಿಕೆ ಅಂದರೆ ಸೈಡ್ ಎಫೆಕ್ಟ್ ಇಲ್ಲ ಅಂತ ನಂಬುವವರಿಗೆ ಒಂದು ಮಾತು. ಸಿಬುಟ್ರಮಿನ್ ಅನ್ನುವ ಹಸಿವು ಕಡಿಮೆ ಮಾಡುವ ಔಷಧಿ ಹೃದಯಾಘಾತ, ಪಾರ್ಶ್ವವಾಯು ಹೆಚ್ಚಿಸುತ್ತದೆ ಅಂತ 2010ರಲ್ಲಿ ಯುರೋಪ್ ಮತ್ತು ಅಮೆರಿಕದ ಮಾರುಕಟ್ಟೆಯಿಂದ ಹೊರಗೆ ಹೋಯಿತು. ಅದಾದ ಮೇಲೂ ‘ಶುದ್ಧ ನೈಸರ್ಗಿಕ’ ಅಂತ ಲೇಬಲ್ ಇರುವ ಎಷ್ಟೋ ಡಬ್ಬಿಗಳಲ್ಲಿ ಅದೇ ಬೆರೆಸಿದ್ದು ಅಮೆರಿಕದ ಔಷಧ ನಿಯಂತ್ರಕರ ಪರೀಕ್ಷೆಗಳಲ್ಲಿ ಸಿಕ್ಕಿದೆ. ಕ್ಯಾಪ್ಸೂಲ್ ನುಂಗಿದ ದಿನವೇ ಹಸಿವು ಮಾಯವಾಗಿ ಎದೆ ಡವಡವ ಅಂದರೆ ಅನುಮಾನ ಪಡಿ.

ಹಾಗಾದರೆ ಏನು ಮಾಡಬೇಕು ಅಂತ ಕೇಳುವವರಿಗೆ ನನ್ನ ಹತ್ತಿರ ಹೊಸದೇನಿಲ್ಲ. ವಾರಕ್ಕೆ ಅರ್ಧ ಕೆಜಿಯಿಂದ ಒಂದು ಕೆಜಿ, ಸಾಕಷ್ಟು ಪ್ರೋಟೀನ್, ನಡಿಗೆ, ಮಾಂಸಖಂಡ ಉಳಿಯಲು ಸ್ವಲ್ಪ ಭಾರ ಎತ್ತುವುದು. ಬೋರಿಂಗ್, ಗೊತ್ತು. ಇದ್ದ ತೂಕದಲ್ಲಿ ನೂರಕ್ಕೆ 5ರಿಂದ 10 ಭಾಗ ಇಳಿದರೂ ಬಿಪಿ, ಶುಗರ್ ಸುಧಾರಿಸುತ್ತದೆ.

ಈಗಾಗಲೇ ಇಂಥ ಕಡೆ ಸೇರಿದ್ದೀರಾ? ನಾನು ಹೇಳಿದ ಥರದ ನೋವು ಬಂದರೆ ಕೋಚ್‌ಗೆ ಫೋನ್ ಮಾಡಬೇಡಿ, ಡಾಕ್ಟರ ಹತ್ತಿರ ಹೋಗಿ. ನೋವಿನ ಜೊತೆ ಜ್ವರ ಬಂದರೆ, ಕಣ್ಣು ಹಳದಿಯಾದರೆ, ಅವತ್ತೇ ಆಸ್ಪತ್ರೆಗೆ ಹೊರಡಿ, ನಾಳೆ ನೋಡೋಣ ಅನ್ನಬೇಡಿ. ಪುಡಿ, ಟೀ, ಮಾತ್ರೆ ಏನು ತಗೊಳ್ತಿದ್ದೀರೋ ಆ ಡಬ್ಬಿಗಳನ್ನು ಎಸೆಯದೆ ಜೊತೆಗೇ ಒಯ್ಯಿರಿ. ನನ್ನ ಡಾಕ್ಟರು ಮೊದಲು ಓದಲು ಕೇಳಿದ್ದೇ ಆ ಲೇಬಲ್‌ಗಳನ್ನು.