ಮಡಿಕೇರಿಯ ಅಂಕಿಅಂಶದವರ ಕೂಟ: ಬೆಳಗ್ಗೆ ತಡವಾದರೂ ಪರವಾಗಿಲ್ಲ, ಮಧ್ಯಾಹ್ನ ತಪ್ಪಿಸಬೇಡಿ

ಎರಡನೇ ಶನಿವಾರ ಮಡಿಕೇರಿಯಲ್ಲಿ ಸೇರುವ ಅಂಕಿಅಂಶದವರ ಕೂಟಕ್ಕೆ ಹೋಗಬಹುದಾ ಅಂತ ಈಚೆಗೆ ಇಬ್ಬರು ಮೂವರು ಕೇಳಿದರು. ಹೋಗಿ. ಆದರೆ ಬೆಳಗಿನ ಭಾಷಣಕ್ಕಾಗಿ ಅಲ್ಲ, ಊಟ ಆದ ಮೇಲಿನ ಎರಡೂವರೆ ಗಂಟೆಗಾಗಿ. ಹೋಗುವಾಗ ನಿಮ್ಮದೇ ಕೆಲಸದ ಒಂದು ಲೆಕ್ಕದ ಪುಸ್ತಕವನ್ನೋ ಎಕ್ಸೆಲ್ ಫೈಲನ್ನೋ ಜೊತೆಗೆ ತೆಗೆದುಕೊಂಡು ಹೋಗಿ. ಬರಿಗೈಲಿ ಹೋದರೆ ಅರ್ಧ ಮಜಾ ಮಾತ್ರ.

ನಾನು ಕುಶಾಲನಗರದ ಕಡೆ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ, ಅಂದರೆ ಒಣ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕಾರ್ಖಾನೆಯಲ್ಲಿ, ಕ್ವಾಲಿಟಿ ವಿಭಾಗದಲ್ಲಿದ್ದೇನೆ. ಬಿ.ಎಸ್ಸಿ.ಯಲ್ಲಿ ಸ್ಟಾಟಿಸ್ಟಿಕ್ಸ್ ಇತ್ತು. ದಿನವಿಡೀ ತೇವಾಂಶ, ಔಟ್‌ಟರ್ನ್, ಸ್ಕ್ರೀನ್ ಸೈಜ್ ಅಂತ ಅಂಕಿಗಳ ನಡುವೆಯೇ ಇರುತ್ತೇನೆ. ಆದರೆ ಆ ಅಂಕಿಗಳ ಬಗ್ಗೆ ಮಾತಾಡೋಣ ಅಂದರೆ ಆಫೀಸಿನಲ್ಲಿ ಜನ ಇಲ್ಲ. ಜಿಲ್ಲೆಯ ಉಳಿದವರ ಪಾಡೂ ಇದೇ. ಕಾಲೇಜಿನಲ್ಲಿ ಸ್ಟಾಟಿಸ್ಟಿಕ್ಸ್‌ಗೆ ಒಬ್ಬರೇ ಮೇಷ್ಟ್ರು, ತಾಲ್ಲೂಕು ಕಚೇರಿಯಲ್ಲಿ ಒಬ್ಬರೇ ಅಂಕಿಅಂಶದವರು, ಅವರನ್ನೂ ಜನ ಅಕೌಂಟೆಂಟ್ ಅಂದುಕೊಂಡಿರುತ್ತಾರೆ. ಬೆಂಗಳೂರಿನಲ್ಲಾದರೆ ಭಾರತೀಯ ಸಾಂಖ್ಯಿಕ ಸಂಸ್ಥೆಯ ಕೇಂದ್ರವೇ ಇದೆ, ವಾರಕ್ಕೊಂದು ಭಾಷಣ ಸಿಗುತ್ತದೆ. ನಮಗೆ ಈ ಕೂಟ ಬಿಟ್ಟರೆ ಗತಿ ಇಲ್ಲ.

ಬರುವವರು ಯಾರು ಅಂದರೆ, ಮಡಿಕೇರಿ, ವಿರಾಜಪೇಟೆಯ ಕಾಲೇಜು ಮೇಷ್ಟ್ರುಗಳು, ಚೆಟ್ಟಳ್ಳಿಯ ಸಂಶೋಧನಾ ಕೇಂದ್ರಗಳಲ್ಲಿ ಪ್ರಯೋಗದ ಲೆಕ್ಕ ನೋಡುವವರು, ಪೊನ್ನಂಪೇಟೆಯ ಅರಣ್ಯ ಕಾಲೇಜಿನ ವಿದ್ಯಾರ್ಥಿಗಳು, ಸರ್ಕಾರಿ ಅಂಕಿಅಂಶ ವಿಭಾಗದ ಸಿಬ್ಬಂದಿ, ಮನೆಯಿಂದಲೇ ಬೆಂಗಳೂರಿನ ಕಂಪನಿಗೆ ದುಡಿಯುವ ಕೆಲವು ಹುಡುಗ ಹುಡುಗಿಯರು. ಜೊತೆಗೆ ಲೆಕ್ಕದ ಹುಚ್ಚಿರುವ ನಾಲ್ಕಾರು ಪ್ಲಾಂಟರುಗಳು. ಊಟ ಸೇರಿ 150 ರೂಪಾಯಿ, ವಿದ್ಯಾರ್ಥಿಗಳಿಗೆ ಫ್ರೀ.

ಬೆಳಗಿನ ಕಥೆ ಬೇಗ ಮುಗಿಸುತ್ತೇನೆ. ಹತ್ತಕ್ಕೆ ಅಂತ ಬರೆದಿರುತ್ತಾರೆ, ಶುರುವಾಗುವುದು ಹತ್ತೂಮುಕ್ಕಾಲಿಗೆ. ದೀಪ, ಸ್ವಾಗತ, ಶಾಲು, ಹಣ್ಣಿನ ಬುಟ್ಟಿ. ಕಳೆದ ಸಲ ಹೊರಗಿನಿಂದ ಬಂದ ಅತಿಥಿ ಒಂದೂಕಾಲು ಗಂಟೆ ಸ್ಲೈಡ್ ತೋರಿಸಿದರು. ಅಷ್ಟೂ ಹೊತ್ತು ಐರಿಸ್ ಹೂವಿನ ಡೇಟಾ. 1936ರಲ್ಲಿ ಅಂಕಿಅಂಶ ತಜ್ಞ ಫಿಷರ್ ಪ್ರಕಟಿಸಿದ, ಮೂರು ಜಾತಿಯ 150 ಹೂವುಗಳ ಎಸಳು ಅಳೆದ ಲೆಕ್ಕ ಅದು. ಪಾಠಕ್ಕೆ ಒಳ್ಳೆಯದೇ, ಇಲ್ಲ ಅನ್ನುವುದಿಲ್ಲ. ಆದರೆ ಸುತ್ತ ಕಾಫಿ, ಮೆಣಸು, ಏಲಕ್ಕಿ, ಭತ್ತ ಇಟ್ಟುಕೊಂಡು ಕೂತವರಿಗೆ ನಾವು ಯಾರೂ ಕಣ್ಣಲ್ಲಿ ಕಾಣದ ಹೂವೇ ಯಾಕೆ? ಪಕ್ಕದಲ್ಲಿದ್ದ ಮೇಷ್ಟ್ರು ಮೆಲ್ಲಗೆ, 'ಇದನ್ನ ನಾನು ಎಂ.ಎಸ್ಸಿ.ಯಲ್ಲೂ ನೋಡಿದ್ದೆ ಮಾರಾಯ್ರೆ, ಹೂ ಇನ್ನೂ ಬಾಡಿಲ್ಲ' ಅಂದರು.

ಸರ್ಟಿಫಿಕೇಟನ್ನು ಊಟಕ್ಕೆ ಮುಂಚೆ ಹಂಚುವುದು ಇನ್ನೊಂದು ತಪ್ಪು. ಅದು ಕೈಗೆ ಬಂದ ಕೂಡಲೇ ಕಾಲು ಭಾಗ ಜನ ಊಟ ಮುಗಿಸಿ ಮಾಯ. ನಾಲ್ಕೂವರೆಗೆ, ಉಳಿದವರಿಗೆ ಮಾತ್ರ, 'ಕಾರ್ಯಕ್ರಮ ಹೇಗಿತ್ತು' ಅಂತ ಫಾರ್ಮ್ ಕೊಡುತ್ತಾರೆ. ಬೇಸರವಾಗಿ ಎದ್ದು ಹೋದವರ ಅಭಿಪ್ರಾಯ ಅದರಲ್ಲಿ ಬರುವುದೇ ಇಲ್ಲ. 'ಬಂದವರೆಲ್ಲ ತುಂಬಾ ಮೆಚ್ಚಿದ್ದಾರೆ' ಅಂತ ಮುಂದಿನ ಸಲ ಓದುತ್ತಾರೆ! ಸ್ಯಾಂಪಲ್ ಹೇಗೆ ತೆಗೆಯಬೇಕು ಅಂತ ಊರಿಗೆಲ್ಲ ಹೇಳುವವರೇ ಹೀಗೆ ಮಾಡಿದರೆ ಹೇಗೆ?

ಬೆಳಗಿನ ಹೊತ್ತಿನಲ್ಲೂ ಒಳ್ಳೆಯದು ಒಂದು ಇತ್ತು ಅನ್ನಬೇಕು. ಬೆಳೆ ಕಟಾವು ಪ್ರಯೋಗದಲ್ಲಿ ವರ್ಷಗಟ್ಟಲೆ ಗದ್ದೆಗೆ ಇಳಿದು ಈಗ ನಿವೃತ್ತರಾಗಿರುವ ಒಬ್ಬರು ಸ್ಲೈಡ್ ಇಲ್ಲದೆ, ಒಂದು ಹಗ್ಗ ಹಿಡಿದುಕೊಂಡು ಮಾತಾಡಿದರು. ಭತ್ತದ ಗದ್ದೆಯಲ್ಲಿ 5 ಮೀಟರ್ ಉದ್ದ, 5 ಮೀಟರ್ ಅಗಲದ ಜಾಗ ಗುರುತು ಮಾಡಿ, ಅಲ್ಲಿನ ಬೆಳೆ ಕೊಯ್ದು, ಬಡಿದು ತೂಗುತ್ತಾರೆ. ಅದು ಹೆಕ್ಟೇರಿನ ನಾನೂರರಲ್ಲಿ ಒಂದು ಭಾಗ. ಅಂದರೆ ಅಲ್ಲಿ ಒಂದು ಕೆಜಿ ಹೆಚ್ಚು ಕಡಿಮೆ ಆದರೆ ಹೆಕ್ಟೇರಿಗೆ 4 ಕ್ವಿಂಟಾಲ್ ವ್ಯತ್ಯಾಸ. ಬೆಳೆ ವಿಮೆ ಈ ಲೆಕ್ಕದ ಮೇಲೆ ನಿಲ್ಲುವುದರಿಂದ ಇದು ಸಣ್ಣ ಮಾತಲ್ಲ. ಅವರು ನೆಲದ ಮೇಲೆ ಹಗ್ಗ ಹಾಸಿ, 'ಹಗ್ಗದ ಮೇಲೇ ನಿಂತ ಬುಡ ಒಳಗಾ ಹೊರಗಾ?' ಅಂತ ಕೇಳಿದರು. ಸಭೆಯಲ್ಲಿ ಎರಡು ಪಂಗಡ ಆಯಿತು. ಅಂಚಿನ ಬುಡವನ್ನೆಲ್ಲ ಒಳಗೆ ಸೇರಿಸಿಕೊಂಡರೆ ಇಳುವರಿ ಉಬ್ಬುತ್ತದೆ. ಜಾಗ ಸಣ್ಣದಾದಷ್ಟೂ ಉಬ್ಬು ಜಾಸ್ತಿ, ಯಾಕಂದರೆ ಸಣ್ಣ ಜಾಗಕ್ಕೆ ವಿಸ್ತೀರ್ಣದ ಲೆಕ್ಕದಲ್ಲಿ ಅಂಚು ಜಾಸ್ತಿ. ಒಂದು ಚದರ ಮೀಟರಿಗೆ 4 ಮೀಟರ್ ಅಂಚು. 25 ಚದರ ಮೀಟರಿಗೆ ಬರೀ 20. 1940ರ ದಶಕದಲ್ಲಿ ನಮ್ಮ ದೇಶದ ಅಂಕಿಅಂಶ ತಜ್ಞರಾದ ಮಹಲನೋಬಿಸ್ ಮತ್ತು ಸುಖಾತ್ಮೆ ನಡುವೆ ಸಣ್ಣ ತುಂಡಾ ದೊಡ್ಡ ತುಂಡಾ ಅಂತ ದೊಡ್ಡ ವಾದವೇ ನಡೆದಿತ್ತು. ಪುಸ್ತಕದಲ್ಲಿ ಓದಿದ್ದೆ. ಹಗ್ಗ ನೋಡಿದ ಮೇಲೆ ಅವರಿಬ್ಬರೂ ಅಷ್ಟು ಯಾಕೆ ವಾದ ಮಾಡಿದರು ಅಂತ ಗೊತ್ತಾಯಿತು.

ಈಗ ಮಧ್ಯಾಹ್ನಕ್ಕೆ ಬರೋಣ. ಕುರ್ಚಿಗಳನ್ನು ಎಳೆದು ನಾಲ್ಕೈದು ಮೇಜು ಮಾಡುತ್ತಾರೆ. ಬಂದವರು ತಮ್ಮ ಹತ್ತಿರ ಯಾವ ಲೆಕ್ಕ ಇದೆ, ಎಲ್ಲಿ ಸಿಕ್ಕಿಹಾಕಿಕೊಂಡಿದ್ದೇವೆ ಅಂತ ಒಂದು ಚೀಟಿಯಲ್ಲಿ ಬರೆಯಬೇಕು. ಚೀಟಿ ನೋಡಿ ಮೇಜು ಹಂಚುತ್ತಾರೆ. ಭಾಷಣ ಇಲ್ಲ, ಸ್ಲೈಡ್ ಇಲ್ಲ. ಇಂಗ್ಲಿಷ್ ತಾನಾಗೇ ಬಿಟ್ಟುಹೋಗಿ ಕನ್ನಡ, ಕೊಡವ ತಕ್ಕ್, ಅರೆಭಾಷೆ ಎಲ್ಲ ಶುರುವಾಗುತ್ತದೆ.

ನನ್ನ ಚೀಟಿ ಓಟಿ ಬಗ್ಗೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ: 50 ಕೆಜಿ ಒಣ ಚೆರಿಯ, ಅಂದರೆ ಒಣಗಿಸಿದ ಕಾಫಿ ಹಣ್ಣಿನ, ಸಿಪ್ಪೆ ತೆಗೆದರೆ ಎಷ್ಟು ಕೆಜಿ ಬೀಜ ಸಿಗುತ್ತದೋ ಅದೇ ಔಟ್‌ಟರ್ನ್. ತೋಟದವರು ಓಟಿ ಅಂತಾರೆ. ಓಟಿ 26 ಬಂದರೆ ಒಂದು ದುಡ್ಡು, 28 ಬಂದರೆ ಇನ್ನೊಂದು. ಒಂದೇ ಲಾಟಿನಿಂದ ಎರಡು ಸ್ಯಾಂಪಲ್ ತೆಗೆದರೆ ಎರಡು ಓಟಿ ಬರುವುದುಂಟು, ಆಗ ಬೆಳೆಗಾರರ ಜೊತೆ ಜಗಳ. ನಮ್ಮಲ್ಲಿ ನಡೆದುಕೊಂಡು ಬಂದ ಪದ್ಧತಿ ಏನಂದರೆ, ಕೈಗೆಟುಕುವ ಚೀಲಗಳಿಗೆ ಕೊಳವೆ ಚುಚ್ಚಿ, ಒಂದೊಂದು ಚೀಲದಿಂದ ಮೇಲೆ, ನಡುವೆ, ಕೆಳಗೆ ಅಂತ ಮೂರು ಕಡೆ ತೆಗೆಯುವುದು. ಸಂಶೋಧನಾ ಕೇಂದ್ರದ ಮೇಡಂ ಒಬ್ಬರು ನನ್ನ ಫೈಲ್ ನೋಡಿ ಮೊದಲು ಕೇಳಿದ್ದು, 'ಒಂದೇ ಚೀಲದ ಮೂರು ಸ್ಯಾಂಪಲ್‌ನ ಬೇರೆ ಬೇರೆ ಓಟಿ ಬರೆದಿಟ್ಟಿದ್ದೀರಾ, ಇಲ್ಲ ಕಲಸಿಬಿಟ್ಟಿದ್ದೀರಾ?' ಪುಣ್ಯಕ್ಕೆ ಒಂದು ಸೀಸನ್‌ನದ್ದು ಬೇರೆ ಬೇರೆ ಇತ್ತು. ಅವರು ಲ್ಯಾಪ್‌ಟಾಪ್‌ನಲ್ಲಿ ಆರ್ (R) ಅನ್ನುವ ಅಂಕಿಅಂಶದ ಸಾಫ್ಟ್‌ವೇರ್ ತೆರೆದು, ಚೀಲದೊಳಗಿನ ವ್ಯತ್ಯಾಸ ಎಷ್ಟು, ಚೀಲ ಚೀಲದ ನಡುವಿನದು ಎಷ್ಟು ಅಂತ ಬಿಡಿಸಿ ತೋರಿಸಿದರು. ಒಳಗಿನದು ತೀರಾ ಕಡಿಮೆ. ಏರುಪೇರೆಲ್ಲ ಚೀಲಗಳ ನಡುವೆಯೇ. ಯೋಚನೆ ಮಾಡಿದರೆ ಸರಿಯೇ ಅಲ್ವಾ? ಒಂದು ಚೀಲ ಮೊದಲ ಕೊಯ್ಲಿನದು, ಇನ್ನೊಂದು ಕೊನೆಯದು, ಮತ್ತೊಂದರಲ್ಲಿ ನೆಲಕ್ಕುದುರಿದ್ದನ್ನು ಹೆಕ್ಕಿ ಸೇರಿಸಿರುತ್ತಾರೆ. ಹಾಗಾಗಿ ಒಂದೇ ಚೀಲಕ್ಕೆ ಮೂರು ಸಲ ಚುಚ್ಚಿ ಲಾಭವಿಲ್ಲ. ಅದೇ ಶ್ರಮದಲ್ಲಿ ಮೂರು ಪಟ್ಟು ಚೀಲಗಳಿಗೆ ಒಂದೊಂದು ಸಲ ಚುಚ್ಚಿದರೆ ಸಾಕು. ಆದರೆ ಅಟ್ಟಿಯ ಹಿಂದಿನ ಸಾಲಿಗೂ ಹೋಗಬೇಕು, ಮುಂದಿನವಕ್ಕೆ ಮಾತ್ರ ಅಲ್ಲ. ಹಮಾಲರು ಗೊಣಗುತ್ತಾರೆ, ಗೊಣಗಲಿ. 150 ರೂಪಾಯಿಗೆ ಇಂಥ ಸಲಹೆ ಎಲ್ಲಿ ಸಿಗುತ್ತದೆ?

ಪಕ್ಕದ ಮೇಜಿನದು ಇನ್ನೂ ಸ್ವಾರಸ್ಯ. ವಿರಾಜಪೇಟೆ ಕಡೆಯ ಪ್ಲಾಂಟರ್ ಒಬ್ಬರು ತಮ್ಮ ಮಾವನ ಕಾಲದ ಮಳೆ ಪುಸ್ತಕ ತಂದಿದ್ದರು. ತೋಟದ ಮನೆಗಳಲ್ಲಿ ಇಂಥವು ಬೇಕಾದಷ್ಟಿವೆ, ನಿಮಗೂ ಗೊತ್ತು. ಇಂಚು, ಸೆಂಟ್ ಲೆಕ್ಕ. ನೂರು ಸೆಂಟಿಗೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ನೀಲಿ ಶಾಯಿ, ದಿನಕ್ಕೊಂದು ಸಾಲು. ಅರಣ್ಯ ಕಾಲೇಜಿನ ಹುಡುಗಿ ಒಂದು ವರ್ಷದ್ದನ್ನು ಕಂಪ್ಯೂಟರಿಗೆ ಹಾಕಿ, ವಾರದ ದಿನದ ಪ್ರಕಾರ ವಿಂಗಡಿಸಿ ನೋಡಿದಳು. ಆಮೇಲೆ ತಲೆ ಎತ್ತಿ, 'ಮೇಡಂ, ಭಾನುವಾರ ನಿಮ್ಮ ತೋಟದಲ್ಲಿ ಮಳೆಯೇ ಬರಲ್ವಾ?' ಅಂತ ಕೇಳಿದಳು.

ಭಾನುವಾರಗಳೆಲ್ಲ ಖಾಲಿ. ಸೋಮವಾರ ಮಾತ್ರ ಬೇರೆ ದಿನಗಳ ಹೆಚ್ಚುಕಡಿಮೆ ಎರಡರಷ್ಟು.

'ಭಾನುವಾರ ರೈಟರಿಗೆ ರಜೆ ಅಲ್ವಾ' ಅಂತ ಅವರು ನಕ್ಕರು. ರೈಟರು, ಅಂದರೆ ತೋಟದ ಲೆಕ್ಕ ಬರೆಯುವವರು, ಸೋಮವಾರ ಬೆಳಗ್ಗೆ ಬಂದು ಎರಡು ದಿನದ ನೀರನ್ನು ಒಟ್ಟಿಗೆ ಅಳೆದಿದ್ದಾರೆ. ತಿಂಗಳ ಒಟ್ಟು ಮಳೆಗೆ ಇದರಿಂದ ತೊಂದರೆ ಇಲ್ಲ. ಆದರೆ ಮಳೆ ಬಂದ ದಿನ ಎಷ್ಟು, ಒಂದೇ ದಿನದಲ್ಲಿ ಸುರಿದ ಹೆಚ್ಚಿನ ಮಳೆ ಎಷ್ಟು ಅಂತ ಕೇಳಿದರೆ ಲೆಕ್ಕ ಕೆಡುತ್ತದೆ. 2018ರ ಆಗಸ್ಟ್‌ನ ಮಳೆ, ಭೂಕುಸಿತ ನೋಡಿದ ಜಿಲ್ಲೆಗೆ ಈ ಎರಡನೇ ಪ್ರಶ್ನೆ ಎಷ್ಟು ದೊಡ್ಡದು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಕಾಫಿ ಹೂ ಅರಳಿಸುವ ಹೂಮಳೆ ಯಾವತ್ತು ಬಂತು, ಅದರ ಹಿಂದೆ ಕಾಯಿ ಕಟ್ಟಲು ಬೇಕಾದ ಬ್ಯಾಕಿಂಗ್ ಮಳೆ ಎಷ್ಟು ದಿನಕ್ಕೆ ಬಂತು ಅನ್ನುವಲ್ಲೂ ಒಂದು ದಿನ ಆಚೀಚೆ ಆಗುತ್ತದೆ.

ಅದಕ್ಕಿಂತ ತಲೆನೋವು ಖಾಲಿ ಬಿಟ್ಟ ಸಾಲುಗಳದ್ದು. ಕೆಲವು ತಿಂಗಳು ಮಳೆ ಇಲ್ಲದ ದಿನ 'ನಿಲ್' ಅಂತ ಬರೆದಿದ್ದಾರೆ. ಕೆಲವು ತಿಂಗಳು ಸುಮ್ನೆ ಖಾಲಿ. ಖಾಲಿ ಅಂದರೆ ಮಳೆ ಇಲ್ಲವಾ, ಅಥವಾ ನೋಡಲೇ ಇಲ್ಲವಾ? ಅಲ್ಲಿ ಸೊನ್ನೆ ತುಂಬಿಸಿದರೆ ಮಳೆಗಾಲವೇ ಒಣಗಿಹೋಗುತ್ತದೆ. ಆ ಮೇಜಿನವರು ಕೊನೆಗೆ ಮಾಡಿದ ತೀರ್ಮಾನ ನನಗೆ ಹಿಡಿಸಿತು: ಜನವರಿಯ ಖಾಲಿಗೂ ಜುಲೈನ ಖಾಲಿಗೂ ಒಂದೇ ನಿಯಮ ಬೇಡ, ಮತ್ತು ಅದೇ ವಾರದ ಪಕ್ಕದ ತೋಟದ ಪುಸ್ತಕ ಸಿಗುತ್ತದಾ ನೋಡೋಣ. ಅಲ್ಲೇ ಇನ್ನಿಬ್ಬರು ಪ್ಲಾಂಟರು ನಮ್ಮಲ್ಲೂ ಇದೆ, ತರುತ್ತೇವೆ ಅಂದರು. ನೆಟ್‌ವರ್ಕಿಂಗ್ ಅಂತ ಬ್ಯಾನರ್ ಮೇಲೆ ಬರೆದಿದ್ದರಲ್ಲ, ಅದು ನಡೆದದ್ದು ಇಲ್ಲಿ.

ಕೆಲಸ ಹುಡುಕುವ ಮಕ್ಕಳಿಗೂ ಒಂದು ಮೇಜಿದೆ. ಕೇಂದ್ರದ ಭಾರತೀಯ ಸಾಂಖ್ಯಿಕ ಸೇವೆಯ ಪರೀಕ್ಷೆ ಯುಪಿಎಸ್‌ಸಿ ನಡೆಸುತ್ತದೆ, ಪದವಿಯಲ್ಲಿ ಸ್ಟಾಟಿಸ್ಟಿಕ್ಸ್ ಇದ್ದರೆ ಬರೆಯಬಹುದು ಅನ್ನುವುದೇ ಎಷ್ಟೋ ಮಕ್ಕಳಿಗೆ ಗೊತ್ತಿರಲಿಲ್ಲ. ನಾಲ್ಕು ಸ್ಟಾಟಿಸ್ಟಿಕ್ಸ್ ಪೇಪರಿನಲ್ಲಿ ಎರಡು ಟಿಕ್ ಮಾಡುವಂಥವು, ಎರಡು ಬರೆಯುವಂಥವು. ಜೊತೆಗೆ ಇಂಗ್ಲಿಷ್, ಸಾಮಾನ್ಯ ಜ್ಞಾನ. ಮಾಹಿತಿ ಚೆನ್ನಾಗಿತ್ತು. ಹಳೇ ಪ್ರಶ್ನೆಪತ್ರಿಕೆ ನಾಲ್ಕು ಪ್ರತಿ ಇಟ್ಟಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು.

ಇನ್ನು ಕಾಫಿ. ದೇಶದಲ್ಲೇ ಅತಿ ಹೆಚ್ಚು ಕಾಫಿ ಬೆಳೆಯುವ ಜಿಲ್ಲೆಯಲ್ಲಿ, ಕಾಫಿಯವರೇ ತುಂಬಿದ ಸಭೆಯಲ್ಲಿ, ಗುಂಡಿ ಒತ್ತಿದರೆ ಬರುವ ಮಿಷನ್ ಕಾಫಿ ಕೊಟ್ಟರು. ಸಿಹಿ ನೀರು. ಇದಕ್ಕೆ ಕ್ಷಮೆಯೇ ಇಲ್ಲ. ಊಟ ಮಾತ್ರ ಸೊಗಸಾಗಿತ್ತು: ನೂಲ್‌ಪುಟ್ಟು, ಕೋಳಿ ಸಾರು, ಸಸ್ಯಾಹಾರಿಗಳಿಗೆ ಕುಂಬಳಕಾಯಿ ಕರಿ.

ಮಿಷನ್ ಕಾಫಿಯ ಗಲಾಟೆಯಿಂದಲೇ ದಿನದ ಕೊನೆಯ ಆಟ ಹುಟ್ಟಿತು. ಹಿರಿಯ ಪ್ಲಾಂಟರ್ ಒಬ್ಬರು, 'ಚಿಕೋರಿ ಚೂರು ಸೇರಿದ್ದರೂ ನಾಲಿಗೆಗೆ ಗೊತ್ತಾಗುತ್ತದೆ' ಅಂತ ಪಂಥ ಕಟ್ಟಿದರು. ಸರಿ, ಯಾರದೋ ಮನೆಯಿಂದ ಎರಡು ಪುಡಿ ಬಂತು, ಒಂದು ಶುದ್ಧ, ಒಂದು ಚಿಕೋರಿ ಬೆರೆಸಿದ್ದು. ಮೂರು ಲೋಟ, ಎರಡರಲ್ಲಿ ಒಂದೇ ಕಾಫಿ, ಮೂರನೆಯದು ಬೇರೆ. ಬೇರೆಯದನ್ನು ಹಿಡಿಯಬೇಕು. ಕಣ್ಣು ಮುಚ್ಚಿ ಆರು ಸುತ್ತು. ಅವರು ನಾಲ್ಕು ಸಲ ಸರಿ ಹೇಳಿದರು. ಅವರ ಕಡೆಯವರು ಚಪ್ಪಾಳೆ ಹೊಡೆದರು. ಆದರೆ ಮೇಷ್ಟ್ರು ಬೋರ್ಡಿಗೆ ಹೋಗಿ ಲೆಕ್ಕ ಹಾಕಿದರು: ಏನೂ ಗೊತ್ತಿಲ್ಲದೆ ಸುಮ್ನೆ ಊಹೆ ಮಾಡಿದರೂ ಆರರಲ್ಲಿ ನಾಲ್ಕೋ ಹೆಚ್ಚೋ ಸರಿಯಾಗುವ ಸಂಭವ 729ರಲ್ಲಿ 73, ಅಂದರೆ ಶೇ. 10. ಐದು ಸರಿ ಇದ್ದಿದ್ದರೆ ಶೇ. 2ಕ್ಕಿಂತ ಕಡಿಮೆ. 'ಅಂದ್ರೆ ನಂಗೆ ಗೊತ್ತಾಗಲ್ಲ ಅಂತೀರಾ?' ಅಂತ ಅವರು ಸಿಟ್ಟಾದರು. 'ಹಾಗಲ್ಲ ಸರ್, ಆರು ಸುತ್ತು ಸಾಲದು ಅಂತೀನಿ' ಅಂದರು ಮೇಷ್ಟ್ರು. ಹಾಲು ಮುಗಿದಿದ್ದರಿಂದ ವಿಷಯ ಅಲ್ಲಿಗೆ ನಿಂತಿತು. ಸರ್ಟಿಫಿಕೇಟ್ ಹಿಡಿದು ಓಡಿದವರು ಇದನ್ನು ತಪ್ಪಿಸಿಕೊಂಡರು, ಪಾಪ.

ಹೋಗುವವರಿಗೆ ಇನ್ನು ಕೆಲವು ಮಾತು. ಜೂನ್ 29ರ ವಿಶೇಷ ಕಾರ್ಯಕ್ರಮವನ್ನು ನಂಬಿಕೊಂಡು ಕೂರಬೇಡಿ. ಮಹಲನೋಬಿಸ್ ಹುಟ್ಟಿದ ದಿನ ಅಂತ 2007ರಿಂದ ದೇಶದಲ್ಲೆಲ್ಲ ಅಂಕಿಅಂಶ ದಿನ ಮಾಡುತ್ತಾರೆ, ನಮ್ಮವರೂ ಮಾಡುತ್ತಾರೆ. ಆದರೆ ಆ ಹೊತ್ತಿಗೆ ಕೊಡಗಿನಲ್ಲಿ ಮಳೆ ಹಿಡಿದಿರುತ್ತದೆ. ಕರೆಂಟ್ ಹೋಗುತ್ತದೆ, ಬಂದವರು ಬೆರಳೆಣಿಕೆ, ಮಧ್ಯಾಹ್ನದ ಮೇಜುಗಳೂ ಇರುವುದಿಲ್ಲ. ಕೊಯ್ಲು ಮುಗಿದ ಮೇಲೆ, ಫೆಬ್ರವರಿ ಮಾರ್ಚ್‌ನಲ್ಲಿ ಹೋಗಿ. ಆಗ ತೋಟದವರಿಗೂ ಪುರುಸೊತ್ತು, ಕೈಯಲ್ಲಿ ಹೊಸ ಲೆಕ್ಕವೂ ಇರುತ್ತದೆ. ವಿರಾಜಪೇಟೆ, ಪೊನ್ನಂಪೇಟೆ ಕಡೆಯವರು ವಾಪಸು ಬಸ್ಸಿನ ಸಮಯ ಮೊದಲೇ ನೋಡಿಕೊಳ್ಳಿ, ನಾಲ್ಕೂವರೆ ಅಂದದ್ದು ಐದೂಕಾಲು ಆಗುವುದು ಗ್ಯಾರಂಟಿ. ಡೇಟಾ ಪೆನ್‌ಡ್ರೈವ್‌ನಲ್ಲಿ ಇರಲಿ, ಅಲ್ಲಿ ನೆಟ್ ಸಿಕ್ಕರೆ ಸಿಕ್ಕಿತು. ಮೇಜು ಸಿಕ್ಕಿದ ಕೂಡಲೇ ಗೋಡೆ ಪಕ್ಕದ ಕುರ್ಚಿ ಹಿಡಿಯಿರಿ. ಇಡೀ ಹಾಲಿಗೆ ಪ್ಲಗ್ ಪಾಯಿಂಟ್ ಎರಡೇ.